ಶಾಲು, ಹಣ್ಣು, ಚಹಾ: ಧಾರವಾಡದ ಭಾಷಣಗಳ ಜೊತೆ ನನ್ನ ಒಂದು ವರ್ಷ

ನಮಸ್ಕಾರ. ಮೊದಲಿಗೇ ಒಂದು ತಪ್ಪೊಪ್ಪಿಗೆ. ಈಗ ಸ್ಕ್ರೀನ್ ಮೇಲೆ ಒಬ್ಬರು ಕೈ ಎತ್ತಿ ಎತ್ತಿ ಮಾತಾಡುತ್ತಿದ್ದಾರೆ. ಮುಂದಿನ ಸಾಲಿನವರು ಬಿದ್ದು ಬಿದ್ದು ನಗುತ್ತಿದ್ದಾರೆ. ಆದರೆ ನಿಮಗೆ ಏನೂ ಕೇಳಿಸುತ್ತಿಲ್ಲ, ಅಲ್ವಾ? ನಿಮ್ಮ ಫೋನು ಸರಿಯಾಗಿಯೇ ಇದೆ. ಮೈಕ್ ಆನ್ ಮಾಡುವುದನ್ನೇ ನಾನು ಮರೆತಿದ್ದೆ. ಐವತ್ತು ನಿಮಿಷದ ಉಪನ್ಯಾಸ, ಒಂದಕ್ಷರ ದನಿ ಇಲ್ಲ. ಆ ನಗು ಯಾವ ಮಾತಿಗೆ ಬಂತು ಅಂತ ನನಗೂ ಈಗ ನೆನಪಿಲ್ಲ.

ನಾನಿರುವುದು ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಸಂಜೆ ಚಿಗರಿ ಬಸ್ಸಿನಲ್ಲಿ ಬಂದು ಜುಬಿಲಿ ಸರ್ಕಲ್‌ನಲ್ಲಿ ಇಳಿಯುತ್ತೇನೆ. ಸಂಜೆ ಸಾಹಿತ್ಯದ ಭಾಷಣಗಳು ನಡೆಯುವ ಕರ್ನಾಟಕ ವಿದ್ಯಾವರ್ಧಕ ಸಂಘ ಅಲ್ಲಿಂದ ದೂರವೇನಿಲ್ಲ. ಆದರೂ ಎಷ್ಟೋ ವರ್ಷ ಒಳಗೆ ಕಾಲಿಟ್ಟಿರಲಿಲ್ಲ. ಅದು ನಿವೃತ್ತರ ಜಾಗ ಅಂತ ನನ್ನ ತಲೆಯಲ್ಲಿ ಕೂತಿತ್ತು. ಒಂದು ದಿನ ಆಷಾಢದ ಜಿಟಿಜಿಟಿ ಮಳೆ. ಧಾರವಾಡದ ಮಳೆ ಗೊತ್ತಲ್ಲ, ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಸುಮ್ನೆ ಆಸರೆಗೆ ಅಂತ ಬಾಗಿಲಲ್ಲಿ ನಿಂತೆ. ಹಿರಿಯರೊಬ್ಬರು ನೋಡಿ, "ಅಲ್ಲೇ ಯಾಕ್ ನಿಂತೀರಿ, ಒಳಗ ಬರ್ರಿ, ಕುರ್ಚಿ ಖಾಲಿ ಅದಾವು" ಅಂದರು. ಹೋಗಿ ಕೂತೆ. ಆಮೇಲೆ ಒಂದು ವರ್ಷ ಹೋಗುತ್ತಲೇ ಇದ್ದೆ.

ಈ ವಿಡಿಯೋ ಆ ಒಂದು ವರ್ಷದ್ದು. ಭಾಷಣಗಳ ಸಾರಾಂಶ ಹೇಳುವುದಿಲ್ಲ, ಹೆದರಬೇಡಿ.

ಇಲ್ಲಿ ಸ್ವಲ್ಪ ನಿಲ್ಲಿಸಿ ನೋಡಿ. ಇದು ವೇದಿಕೆಯ ಹಿಂದಿನ ಬ್ಯಾನರ್. ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಏನಿದೆ? ಭಾಷಣ ಮಾಡುವವರ ಹೆಸರಲ್ಲ, ವಿಷಯವೂ ಅಲ್ಲ. 'ದತ್ತಿ ಉಪನ್ಯಾಸ' ಅಂತಿದೆ, ಪಕ್ಕದಲ್ಲಿ ತೀರಿಕೊಂಡವರೊಬ್ಬರ ಫೋಟೋ. ಮೊದಲ ದಿನ ನನಗೆ ಇದು ವಿಚಿತ್ರ ಅನಿಸಿತು. ಹಳಗನ್ನಡ ಕಾವ್ಯದ ಬಗ್ಗೆ ಭಾಷಣ, ಆದರೆ ಫೋಟೋದಲ್ಲಿ ಇರುವವರು ಯಾರೋ ಅಜ್ಜ, ಟೋಪಿ ಹಾಕಿಕೊಂಡು ಗಂಭೀರವಾಗಿ ನಮ್ಮನ್ನೇ ನೋಡುತ್ತಿದ್ದಾರೆ. ಅವರಿಗೂ ಹಳಗನ್ನಡಕ್ಕೂ ಏನು ಸಂಬಂಧ?

ಸಂಬಂಧ ಇಷ್ಟೇ. ಅವರ ಮಕ್ಕಳು ಅಪ್ಪನ ನೆನಪಿಗೆ ಅಂತ ಒಂದು ಮೊತ್ತ ತಂದು ಕೊಟ್ಟಿರುತ್ತಾರೆ. ಆ ದುಡ್ಡನ್ನು ಸಂಸ್ಥೆ ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಅಸಲು ಮುಟ್ಟುವ ಹಾಗಿಲ್ಲ. ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ. ಒಂದು ಮನೆತನ ಒಂದು ಸಂಜೆಯನ್ನು ಕೊಡುತ್ತದೆ ಅನ್ನಿ. ಇಂಥ ಮನೆಗಳು ಸೇರಿ ಸೇರಿ ಒಂದು ಸಾಹಿತ್ಯ ಸಂಸ್ಥೆಯ ವರ್ಷ ತುಂಬುತ್ತದೆ. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೂ ಇಂಥ ದತ್ತಿಗಳು ನೂರಾರು. ದೊಡ್ಡ ಕಂಪನಿಗಳ ಪ್ರಾಯೋಜಕತ್ವ ಇಲ್ಲ, ಟಿಕೆಟ್ ಇಲ್ಲ. ಮೇಷ್ಟರು, ವಕೀಲರು, ಪೋಸ್ಟ್ ಆಫೀಸಿನವರು, ಅವರ ಹೆಂಡಿರು ಮಕ್ಕಳು. ನಮ್ಮ ಭಾಷೆಯ ಸಂಜೆಗಳು ನಡೆಯುತ್ತಿರುವುದು ಇವರ ದುಡ್ಡಿನಲ್ಲಿ.

ಮುಂದಿನ ಸಾಲಿನಲ್ಲಿ ಒಂದಿಷ್ಟು ಜನ ರೇಷ್ಮೆ ಸೀರೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿರುತ್ತಾರೆ ನೋಡಿ, ಅವರೇ ದತ್ತಿ ದಾನಿಗಳ ಮನೆಯವರು. ಒಂದು ಸಂಜೆ ವಚನಗಳ ಬಗ್ಗೆ ಮಾತು ನಡೆದಿತ್ತು. ಮುಂದೆ ಕೂತಿದ್ದ ಅಜ್ಜಿಯೊಬ್ಬರಿಗೆ ಚೆನ್ನಾಗಿ ನಿದ್ದೆ ಹತ್ತಿತ್ತು. ಸೆರಗು ಹೊದ್ದುಕೊಂಡು, ತಲೆ ವಾಲಿಸಿ, ಆರಾಮ ನಿದ್ದೆ. ಕೊನೆಗೆ ವಂದನಾರ್ಪಣೆ ಮಾಡುವವರು ದತ್ತಿಯ ಹೆಸರು ಓದಿದರು. ತಟ್ಟನೆ ಎಚ್ಚರ. ಕಣ್ಣು ಬಿಟ್ಟು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತರು. ಓದಿದ್ದು ಅವರ ಗಂಡನ ಹೆಸರು. ಆ ಒಂದು ಕ್ಷಣ ನನ್ನ ಕ್ಯಾಮೆರಾದಲ್ಲಿ ಇದೆ. ಆದರೆ ತೋರಿಸುವುದಿಲ್ಲ, ಅವರನ್ನು ಕೇಳಿಲ್ಲ.

ಈ ಬಡ್ಡಿಯ ಲೆಕ್ಕ ನನಗೆ ಆಮೇಲೆ ಹುಚ್ಚು ಹಿಡಿಸಿತು. ಉದಾಹರಣೆಗೆ 1990ರ ದಶಕದಲ್ಲಿ ಒಬ್ಬರು 5,000 ರೂಪಾಯಿ ಇಟ್ಟರು ಅನ್ನಿ. ಆಗ ಶೇಕಡಾ 12ರ ಹತ್ತಿರ ಬಡ್ಡಿ. ವರ್ಷಕ್ಕೆ 600 ರೂಪಾಯಿ. ಆ ಕಾಲಕ್ಕೆ ಭಾಷಣಕಾರರ ಬಸ್ ಚಾರ್ಜು, ಒಂದು ಶಾಲು, ಹಣ್ಣು, ಎಲ್ಲರಿಗೂ ಚಹಾ ಆಗಿ ಇನ್ನೂ ಸ್ವಲ್ಪ ಉಳಿಯುತ್ತಿತ್ತೇನೋ. ಈಗ ಶೇಕಡಾ 7 ಅಂದರೆ 350 ರೂಪಾಯಿ. ಐವತ್ತು ಜನರಿಗೆ ಹತ್ತು ರೂಪಾಯಿ ಚಹಾ ಅಂದರೂ ಐನೂರು ಆಯಿತು. ಅಸಲು ಹಾಗೇ ಇದೆ, ಮಾತು ಕೊಟ್ಟಿದ್ದೂ ಹಾಗೇ ಇದೆ, ದುಡ್ಡಿನ ಬೆಲೆ ಮಾತ್ರ ಹೋಗಿದೆ. ಅದಕ್ಕೇ ಎಷ್ಟೋ ಕಡೆ ಒಂದೇ ಸಂಜೆ ಎರಡು ದತ್ತಿ ಸೇರಿಸಿ ಮುಗಿಸುತ್ತಾರೆ. ಒಂದೇ ಬ್ಯಾನರಿನಲ್ಲಿ ಎರಡು ಫೋಟೋ. ಬದುಕಿದ್ದಾಗ ಒಬ್ಬರಿಗೊಬ್ಬರು ಪರಿಚಯವೇ ಇರದ ಇಬ್ಬರು ಅಕ್ಕಪಕ್ಕ.

ಸ್ವಲ್ಪ ಇತಿಹಾಸ ಹೇಳಲೇಬೇಕು, ಬೇಗ ಮುಗಿಸುತ್ತೇನೆ. ಈ ಸಂಘ ಶುರುವಾಗಿದ್ದು 1890ರ ಜುಲೈ 20ರಂದು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಮರಾಠಿಯದ್ದೇ ಜೋರು. ಕನ್ನಡದಲ್ಲಿ ಓದೋಣ ಅಂದರೆ ಪುಸ್ತಕ ಕಡಿಮೆ, ಬರೆಯೋಣ ಅಂದರೆ ಅಚ್ಚು ಹಾಕುವವರಿಲ್ಲ. ರಾ.ಹ. ದೇಶಪಾಂಡೆ ಮತ್ತು ಅವರ ಜೊತೆಯವರು ಸೇರಿ ಸಂಘ ಕಟ್ಟಿದರು. 'ಸಿರಿಗನ್ನಡಂ ಗೆಲ್ಗೆ' ಅಂತ ನಾವು ಈಗ ಆಟೋ ಹಿಂದೆ ಓದುತ್ತೇವಲ್ಲ, ಅದು ದೇಶಪಾಂಡೆಯವರು ಕೊಟ್ಟ ಘೋಷಣೆ. ಹೆಸರು ಗಮನಿಸಿ: 'ಕರ್ನಾಟಕ' ವಿದ್ಯಾವರ್ಧಕ ಸಂಘ. ರಾಜ್ಯ ಒಂದಾಗಲು ಇನ್ನೂ 66 ವರ್ಷ ಇತ್ತು. ಅದಕ್ಕೆ ಕರ್ನಾಟಕ ಅಂತ ಹೆಸರಿಡಲು 83 ವರ್ಷ. ಇಲ್ಲದ ನಾಡಿನ ಹೆಸರನ್ನು ಬೋರ್ಡಿಗೆ ಬರೆಸಿದವರು ಇವರು.

ನನಗೆ ಇಷ್ಟವಾಗಿದ್ದು ಅವರು ಮೊದಲು ಕೈಗೆತ್ತಿಕೊಂಡ ಕೆಲಸ. ಪುಸ್ತಕ ಬರೆದವರಿಗೆ ಬಹುಮಾನ ಕೊಡುವುದು, ಬರೆದದ್ದನ್ನು ಪ್ರಕಟಿಸುವುದು. 1896ರಲ್ಲಿ 'ವಾಗ್ಭೂಷಣ' ಅಂತ ಪತ್ರಿಕೆಯನ್ನೇ ಶುರುಮಾಡಿದರು. 1907ರಲ್ಲಿ ಆಲೂರು ವೆಂಕಟರಾಯರು ಇದೇ ಊರಿನಲ್ಲಿ ಕನ್ನಡ ಗ್ರಂಥಕರ್ತರನ್ನು ಕರೆದು ಒಂದೆಡೆ ಕೂರಿಸಿದರು. ಪರಿಷತ್ತು ಹುಟ್ಟಿದ್ದು ಅದಾದ ಮೇಲೆ, 1915ರಲ್ಲಿ. ಅಂದರೆ ಲೇಖಕರಿಗೆ ಬೆಂಬಲ ಅನ್ನುವುದು ಈ ಊರಿಗೆ ಹೊಸ ಮಾತಲ್ಲ.

ಇದು ಸುಭಾಸ ರಸ್ತೆ. ಪೇಟೆಯ ಗದ್ದಲ ಜಾಸ್ತಿ, ಹಾರ್ನ್ ಸದ್ದಿಗೆ ಕ್ಷಮಿಸಿ. ಇಲ್ಲಿ ಮೆಟ್ಟಿಲು ಹತ್ತಿ ಮೇಲೆ ಹೋದರೆ ಮನೋಹರ ಗ್ರಂಥಮಾಲೆ, ಪುಸ್ತಕ ಪ್ರಕಾಶನ ಸಂಸ್ಥೆ. ಧಾರವಾಡದವರಿಗೆ ಇದು ಬರೀ 'ಅಟ್ಟ'. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ್ದು. ಅವರ ಉಪಾಯ ಬೇರೆ: ಓದುಗರು ವರ್ಷದ ಚಂದಾ ಮೊದಲೇ ಕಟ್ಟಬೇಕು, ಪುಸ್ತಕ ಆಮೇಲೆ ಮನೆಗೆ ಬರುತ್ತದೆ. ಯಾವ ಪುಸ್ತಕ ಅಂತ ನೋಡದೆಯೇ ದುಡ್ಡು! ಆ ನಂಬಿಕೆಯ ಮೇಲೆ ಹೊಸಬರ ಕೃತಿಗಳು ಬಂದವು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಪುಸ್ತಕವಾಗಿ ಬಂದಿದ್ದು ಇದೇ ಅಟ್ಟದಿಂದ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿ, ಕವಿ ಎ.ಕೆ. ರಾಮಾನುಜನ್ ಅಂಥವರು ಕೂತು ಹರಟಿದ ಜಾಗ ಇದು. ನಾನು ಹೋದಾಗ ಕೂರಲು ನನಗೂ ಜಾಗ ಸಿಕ್ಕಿತು, ಅದೇ ದೊಡ್ಡದು.

ಈಗ ನನ್ನ ಕಥೆ. ಅಂದರೆ ನಿಜವಾಗಿ ನಾನು ಬರೆದ ಕಥೆಗಳು. ನನ್ನ ಹತ್ತಿರ ಹನ್ನೊಂದು ಕಥೆಗಳಿವೆ. ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ಆರು ತಿಂಗಳು ಸುದ್ದಿಯಿಲ್ಲ. ಆಮೇಲೆ ಫೋನ್ ಬಂತು: ಮಾಡೋಣ, ಆದರೆ ಮುನ್ನೂರು ಪ್ರತಿ ನೀವೇ ಕೊಳ್ಳಬೇಕು. ಮುನ್ನೂರು ಪ್ರತಿ ಇಡಲು ನನ್ನ ಬಾಡಿಗೆ ರೂಮಿನಲ್ಲಿ ಜಾಗವಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ, ಅದಕ್ಕೆ ಹಸ್ತಪ್ರತಿ ಕಳಿಸಬೇಕು ಅಂತ ಗೊತ್ತಾಗಿದ್ದೇ ಒಂದು ಭಾಷಣದ ನಂತರ, ಚಹಾ ಕುಡಿಯುವಾಗ. ಚಹಾದ ಹೊತ್ತಿನಲ್ಲಿ ಸಿಗುವ ಸುದ್ದಿ ಎಷ್ಟೋ ಸಲ ಭಾಷಣಕ್ಕಿಂತ ಉಪಯೋಗ, ಭಾಷಣಕಾರರು ಬೇಸರಿಸಬಾರದು.

ಮಳೆಯಲ್ಲಿ ನನ್ನನ್ನು ಒಳಗೆ ಕರೆದರಲ್ಲ ಹಿರಿಯರು, ಅವರು ನಿವೃತ್ತ ಮೇಷ್ಟರು. ನನ್ನ ಕೈಯಲ್ಲಿ ಕ್ಯಾಮೆರಾ ನೋಡಿ ಮೊದಲು "ಯಾವ ಚಾನೆಲ್‌ನವ್ರಿ ನೀವು?" ಅಂತ ಕೇಳಿದ್ದರು. ಕಥೆ ಬರೆಯುತ್ತೇನೆ ಅಂದಾಗ, "ತಂದು ಕೊಡ್ರಿ, ನೋಡೋಣಂತ" ಅಂದರು. ನಮ್ಮ ಅಜ್ಜಿಯ ಬಗ್ಗೆ ಬರೆದ ಕಥೆ ಕೊಟ್ಟೆ. ನನಗೆ ಅದೇ ಹೆಮ್ಮೆಯ ಕಥೆ. ಹದಿನೈದು ದಿನದ ಮೇಲೆ ವಾಪಸ್ ಕೊಟ್ಟರು. ನೋಡಿ, ಪುಟ ತೋರಿಸುತ್ತೇನೆ. ಸೀಸದಕಡ್ಡಿಯಲ್ಲಿ ಗೆರೆ. ಅಜ್ಜಿ ಬಾಯಿ ಬಿಟ್ಟ ಕಡೆಯೆಲ್ಲ ಕೆಳಗೆ ಗೆರೆ. ಉಳಿದ ಕಡೆ ಏನೂ ಇಲ್ಲ.

"ಏನಾಯ್ತು ಸರ್?" ಅಂದೆ.

"ನಿಮ್ಮ ಅಜ್ಜಿ ಹಿಂಗ ಮಾತಾಡತಿದ್ರೇನ್ರಿ?"

ಅಷ್ಟೇ ಕೇಳಿದ್ದು. ನನ್ನ ಕಥೆಯಲ್ಲಿ ಅಜ್ಜಿ "ಮಗು, ನೀನು ಊಟ ಮಾಡಿದೆಯಾ?" ಅನ್ನುತ್ತಿದ್ದಳು. ನಮ್ಮ ಅಜ್ಜಿ ನವಲಗುಂದದ ಕಡೆಯವಳು. ಜೀವನದಲ್ಲಿ ಒಮ್ಮೆಯೂ 'ಮಾಡಿದೆಯಾ' ಅಂದವಳಲ್ಲ. "ಉಂಡೇನೋ?" ಅನ್ನುವಳು, ಉತ್ತರ ಬರುವ ಮೊದಲೇ ರೊಟ್ಟಿ ಹಾಕುವಳು. ಅಜ್ಜಿಯ ಬಾಯಿಗೆ ನಾನು ಪಠ್ಯಪುಸ್ತಕ ತುರುಕಿದ್ದೆ. ಇದನ್ನು ಕಲಿಸಲು ಮೇಷ್ಟರು ಒಂದು ಸಾಲನ್ನೂ ತಿದ್ದಲಿಲ್ಲ, ಗೆರೆ ಎಳೆದು ಬಿಟ್ಟರು. ಅದಕ್ಕೆ ಫೀಸು ಒಂದು ಕಪ್ ಚಹಾ, ಅದನ್ನೂ ಅವರೇ ಕೊಡಿಸಿದರು.

ಅಜ್ಜಿ ಹೇಗೆ ಮಾತಾಡುತ್ತಿದ್ದಳು ಅಂತ ನೆನಪಿಸಿಕೊಳ್ಳುತ್ತ ಹೋದೆ. ಮಾತಿಗಿಂತ ಮೊದಲು ಹಾಡು ನೆನಪಾಯಿತು. ಬೆಳಗಿನ ನಾಲ್ಕು ಗಂಟೆ, ಬೀಸುವ ಕಲ್ಲಿನ ಗರಗರ, ಜೋಳದ ಹಿಟ್ಟಿನ ವಾಸನೆ, ಅದರ ಮೇಲೆ ಅಜ್ಜಿಯ ದನಿ. ಮೂರು ಮೂರು ಸಾಲಿನ ಪದ. ಕಲ್ಲು ಭಾರವಾದಾಗ ಸಾಲು ಎಳೆಯುವಳು, ಹಗುರಾದಾಗ ಬೇಗ ಮುಗಿಸುವಳು. ಗೂಟ ಹಿಡಿದು ಹಿಡಿದು ಅಂಗೈಯಲ್ಲಿ ಒಂದು ಗಂಟು ಇತ್ತು, ನಾನು ಅದನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಚಳಿಗಾಲದಲ್ಲಿ ಒಂದು ಉಪನ್ಯಾಸದಲ್ಲಿ ಕೇಳಿದೆ, ವಿಜಯಪುರ ಕಡೆಯ 'ಹಲಸಂಗಿ ಗೆಳೆಯರು' ಅನ್ನುವ ಬರಹಗಾರರ ಗುಂಪಿನವರು 1930ರ ಹೊತ್ತಿಗೇ ಹಳ್ಳಿಯ ಹೆಣ್ಣುಮಕ್ಕಳ ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದ್ದರು. ನಮ್ಮ ಅಜ್ಜಿಯದನ್ನು ಯಾರೂ ಬರೆದುಕೊಳ್ಳಲಿಲ್ಲ. ನಾನಿದ್ದೆ, ನಾನೂ ಬರೆದುಕೊಳ್ಳಲಿಲ್ಲ. ಫೋನಿನಲ್ಲಿ ಅವಳ ಫೋಟೋಗಳಿವೆ, ದನಿ ಒಂದೂ ಇಲ್ಲ.

ಇದು ಜನವರಿ 31, ಬೇಂದ್ರೆಯವರ ಹುಟ್ಟಿದ ದಿನ. ಸಾಧನಕೇರಿಯ ಬೇಂದ್ರೆ ಭವನ. ಆ ಕಡೆ ಕೆರೆ, ಈ ಕಡೆ ಬೇಂದ್ರೆಯವರ ಮನೆ. ಈ ದಿನ ಮಾತ್ರ ಧ್ವನಿ ಚೆನ್ನಾಗಿ ಬಂದಿದೆ. ಆದರೆ ಹಾಡು ಇರುವುದರಿಂದ ಹಾಕುತ್ತಿಲ್ಲ, ಕಾಪಿರೈಟ್ ತಲೆನೋವು. ಹಿಂದೆ ಶಾಲೆಯ ಮಕ್ಕಳು ಓಡಾಡುತ್ತಿದ್ದಾರೆ ನೋಡಿ. ಒಬ್ಬ ಹುಡುಗ ಕ್ಯಾಮೆರಾಕ್ಕೆ ನಾಲಿಗೆ ಚಾಚಿದ್ದಾನೆ, ಅದನ್ನು ಬೇಕಂತಲೇ ಬಿಟ್ಟಿದ್ದೇನೆ.

ಒಂದು ದೂರು ಇದೆ, ಯಾವುದೇ ಒಂದು ಜಾಗದ ಮೇಲಲ್ಲ, ನಮ್ಮ ಎಲ್ಲ ಕನ್ನಡ ಸಭೆಗಳ ಮೇಲೆ. ದೀಪ ಹಚ್ಚಬೇಕು ಅಂತ ಫ್ಯಾನ್ ಆಫ್ ಮಾಡುತ್ತಾರೆ, ಆಮೇಲೆ ಹಾಕುವುದನ್ನು ಮರೆಯುತ್ತಾರೆ. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ. 'ಇವರಿಗೆ ಪರಿಚಯದ ಅಗತ್ಯವೇ ಇಲ್ಲ' ಅಂತ ಶುರುಮಾಡಿ ಹತ್ತು ನಿಮಿಷ ಪರಿಚಯ. ಭಾಷಣ ಶುರುವಾಗುವ ಹೊತ್ತಿಗೆ ನನ್ನಂಥವರಿಗೆ ಕಡೆಯ ಸಾಲಿನಲ್ಲಿ ಹಸಿವು. ಹೊರಗೆ ಗಿರಮಿಟ್ ಗಾಡಿ. ಎರಡು ಸಲ ಎದ್ದು ಹೋಗಿದ್ದೇನೆ, ಸುಳ್ಳು ಹೇಳುವುದಿಲ್ಲ.

ಈಗ ಮಾಡುತ್ತಿರುವುದು ಇದು. ಅಜ್ಜಿಯ ಹೆಸರಿನಲ್ಲಿ ಒಂದು ದತ್ತಿ ಇಡೋಣ ಅಂತ ಮನೆಯಲ್ಲಿ ಹೇಳಿದೆ. ಅವ್ವ ನಕ್ಕಳು. "ಆಕಿ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಆಕಿ ಹೆಸರಲೆ ಯಾರ್ ಬಂದು ಏನ್ ಭಾಷಣ ಮಾಡ್ತಾರ?" ಬೀಸುವ ಪದಗಳ ಬಗ್ಗೆ ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಶರತ್ತು ಹಾಕಿದಳು: "ಹಂಗಾದ್ರ ಬಂದಾವ್ರಿಗೆ ಒಂದೆರಡು ಪದ ಹಾಡಾಕ ಬರಬೇಕು. ಬರೇ ಹೇಳೋದು ಬ್ಯಾಡ." ಕಾಕಾ ಐದು ಸಾವಿರ ಕೊಟ್ಟರು. ಅತ್ತೆ ಎರಡು ಸಾವಿರ ಕೊಟ್ಟು, ಬ್ಯಾನರಿಗೆ ಯಾವ ಫೋಟೋ ಅಂತ ಆಗಲೇ ಜಗಳ ತೆಗೆದಿದ್ದಾಳೆ. ಎಲ್ಲ ಸೇರಿ ಈಗ ಹನ್ನೆರಡು ಸಾವಿರ. ಶೇಕಡಾ 7 ಅಂದರೆ 840 ರೂಪಾಯಿ. ಚಹಾ ಆಗುತ್ತದೆ, ಶಾಲು ಆಗುವುದಿಲ್ಲ. ಇನ್ನೂ ಕೂಡಿಸಬೇಕು.

ಕಾಗದ ನಾನೇ ಬರೆಯುತ್ತಿದ್ದೇನೆ. ವರ್ಷದ ಯಾವ ದಿನ ಉಪನ್ಯಾಸ ಇರಲಿ ಅಂತ ಬರೆಯಬೇಕಾದ ಸಾಲಿಗೆ ಬಂದು ನಿಂತಿದ್ದೇನೆ. ಅಜ್ಜಿ ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಅವ್ವನಿಗೆ ಗೊತ್ತಿರುವುದು ಇಷ್ಟೇ: "ಕಾರಹುಣ್ಣಿಮಿ ಮರುದಿನ ಹುಟ್ಟಿದಾಕಿ, ಎತ್ತಿನ ಕೋಡಿನ ಬಣ್ಣ ಇನ್ನಾ ಆರಿದ್ದಿಲ್ಲಂತ." ಸದ್ಯಕ್ಕೆ ಅದನ್ನೇ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ನಾಳೆ ಸಂಜೆ ಮೇಷ್ಟರಿಗೆ ತೋರಿಸಬೇಕು, ಎಲ್ಲಿ ಗೆರೆ ಎಳೆಯುತ್ತಾರೋ ನೋಡೋಣ.