ದಾವಣಗೆರೆಯಿಂದ ಪಿಯಾನೋ ವಿದ್ವಾಂಸರಾಗುವ ದಾರಿ

[ಪರದೆ: ಒಂದೇ ಸೊನಾಟಾದ ಎರಡು ಮುದ್ರಣ, ಅಕ್ಕಪಕ್ಕ]

ನಮಸ್ಕಾರ. ಈ ಎರಡು ಪುಟ ನೋಡಿ. ಎರಡೂ ಬೀಥೋವನ್‌ನ ಜಿ ಮೇಜರ್ ಸೊನಾಟಾ, ಅಂದರೆ ಪಿಯಾನೋಕ್ಕೆ ಬರೆದ ಹಲವು ಭಾಗಗಳ ಕೃತಿ; ಒಪಸ್ (ಕೃತಿಸಂಖ್ಯೆ) 49ರ ಎರಡನೆಯದು. ಎಡಗಡೆ ಪುಟದ ತುಂಬ ಗುರುತು: ಇಲ್ಲಿ ಮೆಲ್ಲಗೆ, ಇಲ್ಲಿ ಜೋರು, ಇಲ್ಲಿ ಮೆಲ್ಲಮೆಲ್ಲಗೆ ಏರಿಸಿ. ಬಲಗಡೆ ಪುಟದಲ್ಲಿ ಅಂಥ ಗುರುತೇ ಹೆಚ್ಚುಕಮ್ಮಿ ಇಲ್ಲ. ಬಲಗಡೆಯದು 1805ರ ಮೊದಲ ಮುದ್ರಣವನ್ನು ಅನುಸರಿಸಿದ್ದು. ಎಡಗಡೆಯ ಗುರುತುಗಳೆಲ್ಲ ಆಮೇಲಿನ ಸಂಪಾದಕರು ಸೇರಿಸಿದವು. ಬೀಥೋವನ್ ಕೈಬರಹದ ಪ್ರತಿ ಉಳಿದಿಲ್ಲ.

ಹಾಗಾದರೆ ಮೊದಲ ಸಾಲು ಎಷ್ಟು ಜೋರಿರಬೇಕು? ಕಾರಣ ಕೊಟ್ಟು ಉತ್ತರ ಹೇಳಬೇಕು, ಹೇಳಿದ್ದನ್ನು ಬೆರಳಲ್ಲಿ ನುಡಿಸಿಯೂ ತೋರಿಸಬೇಕು. ಪಿಯಾನೋ ವಾದಕರೂ ಸಂಗೀತ ವಿದ್ವಾಂಸರೂ ಆದವರ ಕೆಲಸ ಇದು.

ಚಾರ್ಲ್ಸ್ ರೋಸೆನ್ ಅವರನ್ನೇ ತೆಗೆದುಕೊಳ್ಳಿ. ಜನನ 1927, ನಿಧನ 2012. ಬಾಲ್ಯದಲ್ಲಿ ಪಾಠ ಹೇಳಿದವರು ಲಿಸ್ಟ್‌ನ ಶಿಷ್ಯ ಮೊರಿಟ್ಸ್ ರೋಸೆಂತಾಲ್. 1951ರಲ್ಲಿ ಪ್ರಿನ್ಸ್‌ಟನ್‌ನಿಂದ ಪಿಎಚ್‌ಡಿ, ಅದೂ ಫ್ರೆಂಚ್ ಸಾಹಿತ್ಯದಲ್ಲಿ. ಜೊತೆಗೇ ಕಛೇರಿ, ರೆಕಾರ್ಡಿಂಗ್. 1971ರಲ್ಲಿ ಹೇಡನ್, ಮೊಜಾರ್ಟ್, ಬೀಥೋವನ್ ಶೈಲಿಯ ಬಗ್ಗೆ ಬರೆದ ಪುಸ್ತಕಕ್ಕೆ ಮರುವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ರಾಬರ್ಟ್ ಲೆವಿನ್ ಇನ್ನೊಂದು ಬಗೆ. ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು, ಮೊಜಾರ್ಟ್ ಕಾನ್ಚೆರ್ಟೋಗಳಲ್ಲಿ (ವಾದ್ಯವೃಂದದ ಜೊತೆ ಒಬ್ಬರು ನುಡಿಸುವ ಕೃತಿ) ವಾದಕರು ಒಂಟಿಯಾಗಿ ನುಡಿಸುವ ಕಡೆನ್ಜಾ ಭಾಗಗಳನ್ನು ವೇದಿಕೆಯಲ್ಲೇ ಮನೋಧರ್ಮದಿಂದ ನುಡಿಸುತ್ತಾರೆ. ಮೊದಲು ವಾದನ ಮುಗಿಸಿ ಆಮೇಲೆ ಓದು ಅಂತ ಇವರಿಬ್ಬರೂ ಕಾಯಲಿಲ್ಲ. ನೀವೂ ಕಾಯಬೇಡಿ.

[ಪರದೆ: ಲೆಗ್ ಹಾರ್ಮೋನಿಯಂ]

ದಾವಣಗೆರೆಯ ಮಕ್ಕಳ ಕೈ ಮೊದಲು ಬೀಳುವುದು ಬಹುತೇಕ ಹಾರ್ಮೋನಿಯಂ ಮೇಲೆ. ಇದು ನಾಟಕ ಕಂಪನಿಗಳ ಊರು, ಪೇಟಿ ಮಾಸ್ತರರ ಊರು. ಆ ಕಿವಿ ದೊಡ್ಡ ಆಸ್ತಿ. ಆದರೆ ಪಿಯಾನೋಕ್ಕೆ ಬಂದಾಗ ಆ ಕೈಯೇ ತೊಡಕು ಕೊಡುತ್ತದೆ. ಹಾರ್ಮೋನಿಯಂನಲ್ಲಿ ನಾದದ ಏರಿಳಿತ ತಿದಿಯಿಂದ ಬರುತ್ತದೆ, ಕೀಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಜೋರು-ಮೆಲು ನಿರ್ಧಾರವಾಗುವುದು ಕೀ ಎಷ್ಟು ವೇಗವಾಗಿ ಕೆಳಗಿಳಿಯಿತು ಅನ್ನುವುದರ ಮೇಲೆ ಮಾತ್ರ. ಕೀ ಇಳಿಯುವುದು ಸುಮಾರು 10 ಮಿಲಿಮೀಟರ್. ತಂತಿಗೆ ಇನ್ನೇನು ತಾಗಬೇಕು ಅನ್ನುವಾಗಲೇ ಸುತ್ತಿಗೆ ಕೀಲಿನಿಂದ ಬಿಡಿಸಿಕೊಂಡು ತಾನೇ ಹಾರುತ್ತದೆ. ಅಲ್ಲಿಂದ ಮುಂದೆ ಎಷ್ಟು ಒತ್ತಿದರೂ ನಾದ ಬದಲಾಗುವುದಿಲ್ಲ, ಮಣಿಕಟ್ಟು ಮಾತ್ರ ನೋಯುತ್ತದೆ. ಹಾರ್ಮೋನಿಯಂನಿಂದ ಬಂದವರು ಮೊದಲ ತಿಂಗಳು ಒಂದೇ ಅಭ್ಯಾಸ ಮಾಡಿ: ಸ್ವರ ಕೇಳಿದ ಕೂಡಲೇ ಕೈಯ ಬಿಗಿ ಬಿಡಿ, ಕೀ ಮೇಲೇಳದಷ್ಟು ಭಾರ ಮಾತ್ರ ಉಳಿಸಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಅಡಿಯಿಂದ ದಾಟಿಸುವುದನ್ನೂ ಹೊಸದಾಗಿ ಕಲಿಯಬೇಕು. ಸಿ ಮೇಜರ್ ಏರುವಾಗ ಬಲಗೈ ಬೆರಳು 1-2-3, ಮತ್ತೆ 1-2-3-4-5.

ಮನೆಗೆ ಏನು ಕೊಳ್ಳಬೇಕು? 88 ಕೀ ಇರುವ, ನಿಜವಾದ ಪಿಯಾನೋದ ಸುತ್ತಿಗೆಯ ಭಾರ ಬೆರಳಿಗೆ ತಾಗುವ ಡಿಜಿಟಲ್ ಪಿಯಾನೋ. 61 ಕೀಯ ಹಗುರ ಕೀಬೋರ್ಡ್ ಸಂಗೀತ ಪರೀಕ್ಷೆಯ ಮೊದಲೆರಡು ಗ್ರೇಡ್‌ಗೆ ಸಾಕು, ಆಮೇಲೆ ಬೆರಳಿಗೆ ಸುಳ್ಳು ಕಲಿಸುತ್ತದೆ. ಮೊಣಕೈ ಕೀ ಮಟ್ಟಕ್ಕೆ ಬರುವಂತೆ ಸ್ಟೂಲ್ ಎತ್ತರ ಹೊಂದಿಸಿ. ಹಳೆಯ ಅಪ್‌ರೈಟ್ ಪಿಯಾನೋ ಅಗ್ಗಕ್ಕೆ ಸಿಕ್ಕಿತು ಅಂತ ತರುವ ಮುಂಚೆ ನಮ್ಮ ಹವೆ ನೆನಪಿರಲಿ. ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿಗೆ ಮರದ ನಾದಫಲಕ ಕುಗ್ಗಿ ಶ್ರುತಿ ಇಳಿಯುತ್ತದೆ, ಮಳೆಗಾಲಕ್ಕೆ ಉಬ್ಬಿ ಏರುತ್ತದೆ. ಸುಮಾರು 230 ತಂತಿಗಳನ್ನು ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡಿಸಬೇಕು. ಶ್ರುತಿಗಾರರು ಬೆಂಗಳೂರಿನಿಂದಲೇ ಬರಬೇಕಾದರೆ ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಶ್ರುತಿಗೂಟ ಸಡಿಲವಾಗಿದ್ದರೆ ಕೊಳ್ಳಲೇಬೇಡಿ. ಎಷ್ಟು ಸಲ ತಿರುಗಿಸಿದರೂ ಶ್ರುತಿ ನಿಲ್ಲುವುದಿಲ್ಲ.

[ಪರದೆ: ಮತ್ತೆ ಒಪಸ್ 49, ಮೊದಲ ಸಾಲು ಹತ್ತಿರದಿಂದ]

ಇನ್ನು ವಿದ್ವತ್ತಿನ ಕೆಲಸ. ಇದಕ್ಕೆ ಯೂನಿವರ್ಸಿಟಿ ಸೇರುವ ತನಕ ಕಾಯಬೇಕಿಲ್ಲ, ಗ್ರೇಡ್ 5ರ ಸುಮಾರಿಗೆ ಶುರು ಮಾಡಬಹುದು. ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಈ ಸೊನಾಟಾದ ಹಲವು ಹಳೆಯ ಮುದ್ರಣಗಳು ಪುಕ್ಕಟೆಯಾಗಿ ಇವೆ. ಮೂರು ಇಳಿಸಿಕೊಳ್ಳಿ. ಮೊದಲ ಪುಟದ ಪ್ರತಿ ತಾಳಭಾಗಕ್ಕೂ (ಎರಡು ಲಂಬ ಗೆರೆಗಳ ನಡುವಿನ ಬಾರ್) ನಂಬರ್ ಹಾಕಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ: ತಾಳಭಾಗ, ಮೂರು ಮುದ್ರಣಗಳಲ್ಲಿ ಒಂದೊಂದು ಏನು ಹೇಳುತ್ತದೆ. ಜೋರು-ಮೆಲು ಗುರುತು, ಸ್ವರ ಕೂಡಿಸುವ ಕಮಾನು ಗೆರೆ, ಬೆರಳು ಸಂಖ್ಯೆ, ಯಾವುದು ಬೇರೆಯಾದರೂ ಬರೆಯಿರಿ. ತಳುಕಿನ ಟಿ.ಎಸ್. ವೆಂಕಣ್ಣಯ್ಯನವರಂಥ ವಿದ್ವಾಂಸರು ಹಳಗನ್ನಡ ಕಾವ್ಯಕ್ಕೆ ಮಾಡಿದ ಪಾಠಾಂತರದ, ಅಂದರೆ ಪ್ರತಿ ಪ್ರತಿಗೂ ಇರುವ ವ್ಯತ್ಯಾಸ ಹೋಲಿಸುವ ಕೆಲಸವೇ ಇದು, ಓಲೆಗರಿ ಬದಲು ಸ್ವರಲಿಪಿ ಅಷ್ಟೆ.

ಆಮೇಲೆ ಕಾರಣ ಹುಡುಕಿ. ಮೊದಲ ಹೊಡೆತದಲ್ಲಿ ಹಲವು ಸ್ವರ ಒಟ್ಟಿಗೆ, ಹಿಂದೆಯೇ ಮೂರು ಮೂರು ಸ್ವರದ ಓಟ. ತುಂಬು ಹೊಡೆತ ತಾನಾಗಿಯೇ ಜೋರು ಕೇಳುತ್ತದೆ, ಒಂಟಿ ಸಾಲು ತಾನಾಗಿಯೇ ತೆಳ್ಳಗಾಗುತ್ತದೆ. ಈ ಸೊನಾಟಾ ಬರೆದ 1790ರ ದಶಕದ ಪಿಯಾನೋಕ್ಕೆ ಮರದ ಚೌಕಟ್ಟು, ಚರ್ಮ ಸುತ್ತಿದ ಪುಟ್ಟ ಸುತ್ತಿಗೆ, ಸಾಮಾನ್ಯವಾಗಿ ಐದೇ ಸಪ್ತಕ. ನಾದ ಬೇಗ ಆರುತ್ತಿತ್ತು. ಇಂದಿನ ವಾದ್ಯದಲ್ಲಿ ಎಡಗೈಯನ್ನು ಅಷ್ಟೇ ಭಾರವಾಗಿ ನುಡಿಸಿದರೆ ಬಲಗೈ ರಾಗ ಮುಚ್ಚಿಹೋಗುತ್ತದೆ. ನಿರ್ಧಾರ ಏನೇ ಆಗಲಿ, ಪಕ್ಕದಲ್ಲಿ ಕಾರಣ ಬರೆದಿಡಿ. "ನನಗೆ ಚೆಂದ ಅನ್ನಿಸಿತು" ಅನ್ನುವುದೂ ಕಾರಣವೇ, ಆದರೆ ಅದೊಂದೇ ಸಾಲದು.

ದೊಡ್ಡವರ ಜಗಳವೂ ಹೀಗೇ ನಡೆಯುತ್ತದೆ. ಬೀಥೋವನ್‌ನದೇ ಇನ್ನೊಂದು ಸೊನಾಟಾ, ಒಪಸ್ 106, ಹ್ಯಾಮರ್‌ಕ್ಲಾವಿಯರ್. ಮೊದಲ ಭಾಗದಲ್ಲಿ ಮೂಲ ರಾಗ ಮರಳುವುದಕ್ಕೆ ಸ್ವಲ್ಪ ಮುಂಚೆ ಬರುವ ಸ್ವರ ಎ ಶಾರ್ಪೋ (ಎಗಿಂತ ಅರ್ಧ ಸ್ವರ ಮೇಲಿನದು), ಬರೀ ಎ ಸ್ವರವೋ? ಮುದ್ರಣದಲ್ಲಿ ಎ ಶಾರ್ಪ್ ಅಂತಿದೆ. ಶಾರ್ಪ್ ರದ್ದು ಮಾಡುವ ಗುರುತು ಹಾಕಲು ಮರೆತಿದ್ದಾರೆ ಅಂತ ಕೆಲವರು. ಎ ಶಾರ್ಪ್ ಅಂದರೆ ಕೀಬೋರ್ಡ್ ಮೇಲೆ ಬಿ ಫ್ಲಾಟ್, ಕೃತಿಯ ಆಧಾರ ಸ್ವರವೇ, ಅದೇ ಸರಿ ಅಂತ ಇನ್ನು ಕೆಲವರು. ಇದರ ಮೂಲ ಹಸ್ತಪ್ರತಿಯೂ ಕಳೆದುಹೋಗಿದೆ. ಇಷ್ಟಾದರೂ ಕಛೇರಿಯ ದಿನ ಒಂದು ಸ್ವರ ಒತ್ತಲೇಬೇಕಲ್ಲ! ಮೂಲ ಪ್ರತಿ ಉಳಿದಿರುವ ಕೃತಿಗಳಾದರೆ ಬಾನ್ ನಗರದ ಬೀಥೋವನ್-ಹೌಸ್ ಡಿಜಿಟಲ್ ಸಂಗ್ರಹದಲ್ಲಿ ಹಲವು ಕೈಬರಹಗಳನ್ನು ಮೊಬೈಲ್‌ನಲ್ಲೇ ನೋಡಬಹುದು.

[ಪರದೆ: ಅಂಕಗಳ ಪಟ್ಟಿ]

ಪರೀಕ್ಷೆಗಳ ವಿಚಾರ ಬೇಗ ಹೇಳುತ್ತೇವೆ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ, ಎರಡರಲ್ಲೂ 8 ಗ್ರೇಡ್. ಟ್ರಿನಿಟಿಯ ಮುಖಾಮುಖಿ ಪರೀಕ್ಷೆಯಲ್ಲಿ ಮೂರು ಕೃತಿಗೆ 22ರಂತೆ 66, ತಾಂತ್ರಿಕ ಅಭ್ಯಾಸಕ್ಕೆ 14, ಪೂರಕ ಪರೀಕ್ಷೆಗಳಿಗೆ 20. ಪಾಸ್‌ಗೆ 60, ಡಿಸ್ಟಿಂಕ್ಷನ್‌ಗೆ 87. ಎಬಿಆರ್‌ಎಸ್‌ಎಂನಲ್ಲಿ ಗ್ರೇಡ್ 6ಕ್ಕೆ ಹೋಗಬೇಕಾದರೆ ಗ್ರೇಡ್ 5 ಥಿಯರಿಯೋ ಅದಕ್ಕೆ ಸಮನಾದದ್ದೋ ಬೇಕು. ಇದನ್ನು ಕೊನೆಗೆ ತಳ್ಳಿದವರು ಅಲ್ಲೇ ಒಂದು ವರ್ಷ ನಿಲ್ಲುತ್ತಾರೆ.

ವಿಡಿಯೋ ಕಳಿಸುವ ಪರೀಕ್ಷೆಯೂ ಇದೆ, ನಮ್ಮಂಥ ಊರಿಗೆ ದೊಡ್ಡ ಅನುಕೂಲ. ಎಬಿಆರ್‌ಎಸ್‌ಎಂ ಪರ್ಫಾರ್ಮೆನ್ಸ್ ಗ್ರೇಡ್‌ನಲ್ಲಿ ನಾಲ್ಕು ಕೃತಿಯನ್ನೂ ಒಂದೇ ಉಸಿರಿಗೆ, ಎಲ್ಲೂ ಕತ್ತರಿಸದೆ ರೆಕಾರ್ಡ್ ಮಾಡಬೇಕು. ಫೋನ್ ಅಡ್ಡಲಾಗಿ, ಪಕ್ಕದಿಂದ, ಕೈ-ಕೀ-ಮುಖ ಕಾಣುವಂತೆ ಇಡಿ. ಫ್ಯಾನ್ ಆಫ್ ಮಾಡಿ. ಪಿ.ಬಿ. ರಸ್ತೆ ಹತ್ತಿರದ ಮನೆಯಾದರೆ ಬೆಳಗಿನ ಜಾವವೇ ವಾಸಿ. ಹೆಚ್ಚಿನವರು ಗಮನಿಸದ ತೊಂದರೆ ಒಂದಿದೆ: ಫೋನ್ ತಾನೇ ಧ್ವನಿಮಟ್ಟ ಸರಿಮಾಡಿ, ಮೆಲ್ಲಗಿನದನ್ನು ಎತ್ತಿ ಜೋರಾದದ್ದನ್ನು ಅದುಮುತ್ತದೆ. ಎಷ್ಟು ಅಂದವಾಗಿ ನುಡಿಸಿದರೂ ಎಲ್ಲ ಸಪಾಟು. ಧ್ವನಿಮಟ್ಟ ಕೈಯಾರೆ ಹೊಂದಿಸುವ ಆ್ಯಪ್ ಬಳಸಿ, ಅತಿ ಜೋರಿನ ಜಾಗ ಮೊದಲು ನುಡಿಸಿ ಮಟ್ಟ ಗೊತ್ತುಮಾಡಿ.

ಬ್ರಿಟನ್ನಿನ ಸಂಗೀತ ವಿದ್ಯಾಲಯಗಳಿಗೆ ಅರ್ಜಿ ಹಾಕುವ ಗಡುವು ಸಾಮಾನ್ಯವಾಗಿ ಸೇರುವ ಹಿಂದಿನ ವರ್ಷದ ಅಕ್ಟೋಬರ್ ಆರಂಭ. ಅಂದರೆ ನೀವು ಸೆಕೆಂಡ್ ಪಿಯುಸಿ ಮಧ್ಯದಲ್ಲಿರುತ್ತೀರಿ. ಹಾಗಾಗಿ ಗ್ರೇಡ್ 8 ಫಸ್ಟ್ ಪಿಯುಸಿ ಒಳಗೆ ಮುಗಿದಿರಬೇಕು. ಬಾಖ್‌ನ ಒಂದು ಪ್ರಿಲ್ಯೂಡ್-ಫ್ಯೂಗ್, ಒಂದು ಶಾಸ್ತ್ರೀಯ ಸೊನಾಟಾ, ಶೋಪ್ಯಾನ್ ಅಥವಾ ಶೂಮನ್, 20ನೇ ಶತಮಾನದ್ದೊಂದು, ಇಷ್ಟು ಬಾಯಿಪಾಠವಿದ್ದರೆ ಹೆಚ್ಚಿನ ಆಡಿಷನ್‌ಗೆ ತಯಾರಿ ಆದಂತೆ. ಜರ್ಮನಿಯ ಸರ್ಕಾರಿ ವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಆದರೆ ಕಿವಿ ಪರೀಕ್ಷೆ ಕಠಿಣ, ಭಾಷೆಯೂ ಬೇಕು. ಮುಂದೆ ಪಿಎಚ್‌ಡಿಗೆ ಜರ್ಮನ್ ಓದಲು ಸಾಮಾನ್ಯವಾಗಿ ಬೇಕಾಗುವುದರಿಂದ ಅದನ್ನು ಪಿಯುಸಿಯಲ್ಲೇ ಶುರು ಮಾಡಿದರೆ ನಷ್ಟವಿಲ್ಲ.

ಸಂಪಾದನೆ ಬರೀ ಕಛೇರಿಯಿಂದ ನಡೆಯುವುದು ತೀರಾ ಕಡಿಮೆ ಜನಕ್ಕೆ. ಪಾಠ, ಗಾಯಕರಿಗೆ ಪಿಯಾನೋ ಸಾಥ್, ಕಾಲೇಜು ಹುದ್ದೆ, ಮುದ್ರಣ ಸಂಪಾದನೆ, ನುಡಿಸುತ್ತ ವಿವರಿಸುವ ಉಪನ್ಯಾಸ-ಕಛೇರಿ, ಇವೆಲ್ಲ ಸೇರಿ ಜೀವನ. ಅಮೆರಿಕದಲ್ಲಿ ಡಿಎಂಎ (ಸಂಗೀತ ಕಲೆಯ ಡಾಕ್ಟರೇಟ್) ವಾದನಕ್ಕೆ ಒತ್ತು ಕೊಡುತ್ತದೆ, ಪಿಎಚ್‌ಡಿ ಪ್ರಬಂಧಕ್ಕೆ. ಎರಡರಲ್ಲಿ ಯಾವುದು ಅಂತ ಆರಿಸುವ ಮುಂಚೆ, ಆ ವಿಭಾಗದಲ್ಲಿ ವಾರಕ್ಕೆ ಎಷ್ಟು ಗಂಟೆ ವಾದನದ ಪಾಠ ಸಿಗುತ್ತದೆ ಅಂತ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ.