ಕಾಕಾ ಅವರ ಬಾರಾ ಬೋರ್ ಮತ್ತು ಪುಣೆಯಲ್ಲಿ ಒಂದು ಪರವಾನಗಿ ನವೀಕರಣ

ತೆರೆಯ ಮೇಲೆ ಮೆಟ್ಟಿಲು ಇಳಿಯುತ್ತಿರುವವರು ನನ್ನ ಕಾಕಾ. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದ ಮೇಲೆ ಬೆಳಗಾವಿಯಿಂದ ಪುಣೆಗೆ ಬಂದು, ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿ ನಿಂತವರು. ಅವರ ಹೆಗಲಿನ ಉದ್ದನೆಯ ಕಪ್ಪು ಚೀಲದಲ್ಲಿ ಇರುವುದು ಕ್ರಿಕೆಟ್ ಬ್ಯಾಟ್ ಅಲ್ಲ, ಬಾರಾ ಬೋರಿನ ಡಬಲ್ ಬ್ಯಾರಲ್ ಬಂದೂಕು. ಪರವಾನಗಿಯ ಅವಧಿ ಮುಗಿಯುತ್ತ ಬಂದಿರುವುದರಿಂದ ಅರ್ಜಿ, ಫೋಟೊ, ನಿವೃತ್ತಿಯ ಕಾಗದಗಳು ಮತ್ತು ಪರಿಶೀಲನೆಗೆ ಬಂದೂಕು, ಇಷ್ಟನ್ನೂ ಹೊತ್ತು ಹೊರಟಿದ್ದೇವೆ. ಕಾಡತೂಸುಗಳು ಮನೆಯ ಕಪಾಟಿನಲ್ಲಿವೆ. ಬಂದೂಕನ್ನು ಬೀದಿಯಲ್ಲಿ ಬರಿಗೈಯಲ್ಲಿ ಒಯ್ಯುವಂತಿಲ್ಲ, ಚೀಲದಲ್ಲೋ ಪೆಟ್ಟಿಗೆಯಲ್ಲೋ ಮುಚ್ಚಿಯೇ ಒಯ್ಯಬೇಕು ಎಂಬುದು 2016ರ ಶಸ್ತ್ರಾಸ್ತ್ರ ನಿಯಮಗಳ ಮಾತು. ಚೀಲದಲ್ಲಿ ಏನಿದೆ ಎಂದು ಕೇಳಿದ ಮೊದಲ ರಿಕ್ಷಾದವರಿಗೆ ಕಾಕಾ ಸತ್ಯವನ್ನೇ ಹೇಳಿದರು, ಅವರು ಗಾಡಿ ತಿರುಗಿಸಿಕೊಂಡು ಹೋದರು. ಎರಡನೆಯವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇಲ್ಲಿ ಚಿತ್ರ ಏಕಾಏಕಿ ನನ್ನ ಪಾದರಕ್ಷೆಯ ಮೇಲೆ ಇಳಿದಿರುವುದಕ್ಕೆ ಕಾರಣವಿದೆ. ಎಡಗಡೆ ಸಾಗುತ್ತಿರುವುದು ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ಗೋಡೆ, ಅಲ್ಲಿ ಚಿತ್ರೀಕರಣ ನಿಷಿದ್ಧ. 1869ರಲ್ಲಿ ಬ್ರಿಟಿಷರು ಆರಂಭಿಸಿದ ಈ ಕಾರ್ಖಾನೆ, 2021ರ ಅಕ್ಟೋಬರ್ 1ರಂದು ಸರ್ಕಾರದ ಆರ್ಡ್‌ನೆನ್ಸ್ ಫ್ಯಾಕ್ಟರಿಗಳನ್ನೆಲ್ಲ ಏಳು ಕಂಪನಿಗಳಾಗಿ ವಿಂಗಡಿಸಿದಾಗ ಮ್ಯುನಿಷನ್ಸ್ ಇಂಡಿಯಾ ಎಂಬ ಕಂಪನಿಯ ಪಾಲಿಗೆ ಬಂತು. ಒಂದೂವರೆ ಶತಮಾನದಿಂದ ಗುಂಡು ತಯಾರಿಸುತ್ತಿರುವ ಊರಿನಲ್ಲಿ, ಆ ಗೋಡೆಯ ಪಕ್ಕದಲ್ಲೇ ಬಾಡಿಗೆಗಿರುವ ಕಾಕಾ ಒಂದು ಕಾಡತೂಸು ಕೊಂಡರೂ ಅದು ಪರವಾನಗಿಯ ಪುಸ್ತಕದಲ್ಲಿ ದಾಖಲಾಗಬೇಕು. ಇದು ಸರಿಯೆಂದೇ ನನ್ನ ಅಭಿಪ್ರಾಯ. 

ಕಚೇರಿ ಬಂತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಒಳಗೆ ಕ್ಯಾಮೆರಾ ಬಿಡಲಿಲ್ಲವಾದ್ದರಿಂದ ಮುಂದಿನ ದೃಶ್ಯವೆಲ್ಲ ಎದುರಿನ ಚಹಾದ ಅಂಗಡಿಯದ್ದೇ. ಹಾಲು ಉಕ್ಕುವುದನ್ನು ನೋಡುತ್ತ ನೀವು ಕಾನೂನು ಕೇಳಬೇಕಾಗಿದೆ.

ನಮ್ಮಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ. ಅಮೆರಿಕದಲ್ಲಿ 1791ರ ಎರಡನೆಯ ತಿದ್ದುಪಡಿ ಅದನ್ನು ಸಂವಿಧಾನದೊಳಕ್ಕೇ ತಂದಿತು, 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮನೆಯೊಳಗಿನ ಆತ್ಮರಕ್ಷಣೆಗೆ ಅದು ವ್ಯಕ್ತಿಗತ ಹಕ್ಕು ಎಂದಿತು, 2022ರಲ್ಲಿ ಮನೆಯ ಹೊರಗೂ ಸಲ್ಲುತ್ತದೆ ಎಂದಿತು. ನಮ್ಮ ಸಂವಿಧಾನದ 19ನೆಯ ವಿಧಿ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೇ ಆಯುಧಗಳಿಲ್ಲದೆ ಸೇರಬೇಕು ಎಂದು ಸೇರಿಸಿಬಿಟ್ಟಿದೆ. 2023ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪರವಾನಗಿಯಿಲ್ಲದ ಬಂದೂಕೊಂದರ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಮೆರಿಕದಲ್ಲಿರುವಂಥ ಮೂಲಭೂತ ಹಕ್ಕು ಇಲ್ಲಿ ಯಾರಿಗೂ ಇಲ್ಲ ಎಂದು ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಸ್ಪಷ್ಟಪಡಿಸಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅರ್ಜಿ ಹಾಕಬೇಕು, ಪೊಲೀಸರು ವಿಚಾರಿಸಿ ವರದಿ ಕೊಡಬೇಕು, ಪೊಲೀಸ್ ಆಯುಕ್ತಾಲಯವಿರುವ ನಗರದಲ್ಲಿ ಆಯುಕ್ತರು, ಉಳಿದ ಕಡೆ ಜಿಲ್ಲಾ ದಂಡಾಧಿಕಾರಿಗಳು ಒಪ್ಪಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು. ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿದೆ. ಮದುವೆಯ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಪಕ್ಕದವರ ಜೀವಕ್ಕೆ ಅಪಾಯ ತರುವವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ ಕೊನೆಯ ನಿಯಮ ಬರುವುದಕ್ಕೆ 2019ರವರೆಗೆ ಏಕೆ ಕಾಯಬೇಕಾಯಿತೋ ತಿಳಿಯದು.

ಕೊಡಗಿನ ಮಾತನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಹೌದು, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ, ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಲಾಗಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದು ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಸಲ್ಲಿಸುವ ಸಮುದಾಯದ ಪರಂಪರೆಗೆ ಸಂದ ಮನ್ನಣೆ. ಪಿಸ್ತೂಲು, ರಿವಾಲ್ವರಿಗೆ ಅದು ಅನ್ವಯಿಸುವುದಿಲ್ಲ. ಕಾಕಾ ಅವರಿಗೆ ಕೊಡಗಿಗಿಂತ ಹಲಗಲಿಯ ಮಾತೇ ಇಷ್ಟ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿರಿ ಎಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಿಸಲಿಲ್ಲ, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. 1878ರ ಕಾಯ್ದೆಯಾದರೋ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಬಿಟ್ಟುಬಿಟ್ಟಿತು. ಅಹಿಂಸೆಯ ಗಾಂಧೀಜಿಯೇ 1918ರಲ್ಲಿ ಅದನ್ನು ಕಟುವಾಗಿ ಖಂಡಿಸಿದ್ದರು. ಸರತಿಯಲ್ಲಿ ನಿಂತು ಬೇಸರವಾದಾಗಲೆಲ್ಲ ಕಾಕಾ ಹಲಗಲಿಯನ್ನು ನೆನೆಯುತ್ತಾರೆ, ಮತ್ತೆ ಸರತಿಯಲ್ಲೇ ನಿಲ್ಲುತ್ತಾರೆ.

ಈ ವೀಡಿಯೊ ಮಾಡಿದ್ದೇ ಮುಂದಿನ ಸಂಗತಿಗಾಗಿ, ಆದ್ದರಿಂದ ಎರಡನೆಯ ಚಹಾ ಬರುವವರೆಗೆ ಅದನ್ನೇ ಹೇಳುತ್ತೇನೆ. ಚುನಾವಣೆ ಘೋಷಣೆಯಾಯಿತು ಎಂದರೆ ನಮ್ಮ ಮನೆಗೆ ನೋಟಿಸು ಬರುತ್ತದೆ. 2024ರಲ್ಲಿ ಲೋಕಸಭೆಗೆ ಒಮ್ಮೆ, ಅಕ್ಟೋಬರ್ 15ರಂದು ಮಹಾರಾಷ್ಟ್ರ ವಿಧಾನಸಭೆಯ ದಿನಾಂಕಗಳು ಪ್ರಕಟವಾದ ಮೇಲೆ ಇನ್ನೊಮ್ಮೆ, ಬಂದೂಕನ್ನು ಠೇವಣಿ ಇಡಿರಿ ಎಂಬ ಆದೇಶ. ಪರವಾನಗಿ ಉಳ್ಳವರೆಲ್ಲರೂ ಸಾರಾಸಗಟಾಗಿ ಬಂದೂಕು ತಂದೊಪ್ಪಿಸಬೇಕು ಎನ್ನುವಂತಿಲ್ಲ, ಪರಿಶೀಲನಾ ಸಮಿತಿ ಒಬ್ಬೊಬ್ಬರ ವಿಷಯವನ್ನೂ ಬೇರೆಯಾಗಿ ನೋಡಬೇಕು ಎಂದು ಗೋವಾದ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ಬ್ಯಾಂಕಿನ ಕಾವಲಿನವರಿಗೆ ವಿನಾಯಿತಿ ಕೇಳುವ ಅವಕಾಶವೂ ಇದೆ. ಕಾಕಾ ಕೇಳಿದರು. ಬ್ಯಾಂಕಿನ ಪತ್ರ ತನ್ನಿರಿ ಎಂದರು. ಬ್ಯಾಂಕಿನ ಶಾಖೆಯಲ್ಲಿ ಕೇಳಿದರೆ, ನೀವು ನಮ್ಮ ನೌಕರರಲ್ಲ, ಏಜೆನ್ಸಿಯವರು, ಅಲ್ಲಿಯೇ ಪತ್ರ ತೆಗೆದುಕೊಳ್ಳಿ ಎಂದರು. ಏಜೆನ್ಸಿಯ ಪತ್ರವನ್ನು ಒಯ್ದರೆ, ನಿಮ್ಮ ಪರವಾನಗಿಯಲ್ಲಿ ಉದ್ದೇಶ ಆತ್ಮರಕ್ಷಣೆ ಎಂದಿದೆ, ಏಜೆನ್ಸಿಗೂ ನಿಮ್ಮ ಆತ್ಮಕ್ಕೂ ಏನು ಸಂಬಂಧ ಎಂದು ಮೇಜಿನ ಆಚೆಯವರು ಮರಾಠಿಯಲ್ಲಿ ವಿನೋದ ಮಾಡಿದರು. ವಿನೋದ ಚೆನ್ನಾಗಿಯೇ ಇತ್ತು, ಆದರೆ ಬಂದೂಕು ಠೇವಣಿಗೆ ಹೋಯಿತು.

ಠೇವಣಿ ಇಡುವುದಕ್ಕೆ ಎರಡು ಜಾಗಗಳಿವೆ, ಒಂದು ಠಾಣೆ, ಇನ್ನೊಂದು ಪರವಾನಗಿ ಪಡೆದ ಬಂದೂಕಿನ ಅಂಗಡಿ. ಠಾಣೆಯಲ್ಲಿ ದುಡ್ಡಿಲ್ಲ, ಅಲ್ಲಿ ಲೋಕಸಭೆಯ ಸಲ ಇಟ್ಟ ಬಂದೂಕು ಮರಳಿ ಬಂದಾಗ ನಳಿಗೆಯ ಬಾಯಿಯ ಸುತ್ತ ಕೆಂಪು ತುಕ್ಕು ಕೂತಿತ್ತು, ಅದನ್ನು ಎಣ್ಣೆ ಬಟ್ಟೆಯಿಂದ ಉಜ್ಜುತ್ತ ಕಾಕಾ ರಾತ್ರಿ ಊಟಕ್ಕೂ ಏಳಲಿಲ್ಲ. ವಿಧಾನಸಭೆಯ ಸಲ ಅಂಗಡಿಗೆ ಕೊಟ್ಟರು, ಅಲ್ಲಿ ತುಕ್ಕಿಲ್ಲ, ಬಾಡಿಗೆ ಇದೆ. ಆದರೆ ನಿಜವಾದ ನಷ್ಟ ಆ ಬಾಡಿಗೆಯೂ ಅಲ್ಲ. ಬಂದೂಕು ಇಲ್ಲದ ದಿನಗಳಲ್ಲಿ ಏಜೆನ್ಸಿಯವರು ಅವರಿಗೆ ಗನ್‌ಮ್ಯಾನ್ ಸಂಬಳ ಕೊಡುವುದಿಲ್ಲ, ಅದೇ ಬಾಗಿಲು, ಅದೇ ಸ್ಟೂಲು, ಅದೇ ಹೊತ್ತು, ಕೋಲು ಹಿಡಿದ ಕಾವಲುಗಾರನ ಸಂಬಳ. "ಬಂದೂಕ ಇದ್ರ ಹವಾಲ್ದಾರ ಸಾಹೇಬ, ಇಲ್ಲಂದ್ರ ಬರೇ ವಾಚ್‌ಮನ್" ಎಂದು ಕಾಕಾ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನವೆಂಬರ್ 20ರಂದು ಮತದಾನ, 23ಕ್ಕೆ ಫಲಿತಾಂಶ, ಅದಾದ ಮೇಲೂ ಬಂದೂಕು ಕೈಗೆ ಬರಲು ಕಾಗದ ಬೇಕು, ಕಾಗದಕ್ಕೆ ಸಹಿ ಬೇಕು, ಸಹಿ ಮಾಡಬೇಕಾದವರು ಚುನಾವಣೆಯ ದಣಿವಿನಿಂದ ರಜೆಯ ಮೇಲೆ.

ಕಾನೂನು ಇಲ್ಲಿ ತಪ್ಪು ಮಾಡಿದೆ ಎಂದು ಆ ತಿಂಗಳು ನನಗೆ ಅನ್ನಿಸಿತ್ತು. ಹಾಗಲ್ಲ. ಸಂಸ್ಥೆಯೊಂದು ತನ್ನದೇ ಹೆಸರಿನಲ್ಲಿ ಪರವಾನಗಿ ಪಡೆದು, ಬಂದೂಕನ್ನು ತಾನೇ ಕೊಂಡು, ಅದನ್ನು ಹಿಡಿಯುವ ಕಾವಲುಗಾರನನ್ನು ರಿಟೇನರ್ ಎಂದು ದಾಖಲಿಸುವ ದಾರಿಯನ್ನು ಕಾಯ್ದೆ ತೆರೆದೇ ಇಟ್ಟಿದೆ. ಖಾಸಗಿ ಭದ್ರತಾ ಏಜೆನ್ಸಿಗಳಿಗೆಂದೇ 2005ರ ಕಾಯ್ದೆಯೂ ಇದೆ. ಆದರೆ ಸ್ವಂತ ಬಂದೂಕು, ಸ್ವಂತ ಪರವಾನಗಿ ಇರುವ ಮಾಜಿ ಸೈನಿಕ ಸಿಕ್ಕಿದರೆ ಏಜೆನ್ಸಿಗೆ ಖರ್ಚೂ ಇಲ್ಲ, ಹೊಣೆಯೂ ಇಲ್ಲ. ಆ ಬಾಗಿಲೊಳಗಿನ ಹಣ ಇನ್ನೊಬ್ಬರದು, ಬಂದೂಕು ಮಾತ್ರ ಇವರದು, ಅದಕ್ಕೆ ತುಕ್ಕು ಹಿಡಿದರೂ ಇವರದೇ, ಅದರಿಂದ ಗುಂಡು ಹಾರಿದರಂತೂ ಸಂಪೂರ್ಣವಾಗಿ ಇವರದೇ.

ಗುಂಡು ಹಾರಿದರೆ ಏನಾಗುತ್ತದೆ ಎಂಬುದು ಕಾಕಾ ಅವರಿಗೆ ವಕೀಲರಷ್ಟೇ ಚೆನ್ನಾಗಿ ಗೊತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿಗೆ ಸಂಬಂಧಿಸಿದವು. ಹಳೆಯ ದಂಡಸಂಹಿತೆಯಲ್ಲಿ ಇವು 96ರಿಂದ 106ರವರೆಗೆ ಇದ್ದವು. ಈ ಹಕ್ಕಿಗೆ ಪರವಾನಗಿ ಬೇಕಿಲ್ಲ, ಕೈಯಲ್ಲಿ ಒನಕೆಯಿದ್ದರೂ ಇದೆ, ಏನೂ ಇಲ್ಲದಿದ್ದರೂ ಇದೆ. ಸ್ವಂತ ದೇಹ ಮಾತ್ರವಲ್ಲ, ಬೇರೆಯವರ ದೇಹವನ್ನೂ ಆಸ್ತಿಯನ್ನೂ ರಕ್ಷಿಸಬಹುದು. ಕೊಲೆ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಭೀತಿಯಿದ್ದರೆ, ಆಸ್ತಿಯ ವಿಷಯದಲ್ಲಿ ಸುಲಿಗೆಯಾಗುತ್ತಿದ್ದರೆ, ಎದುರಾಳಿಯ ಪ್ರಾಣ ಹೋದರೂ ಅಪರಾಧವಾಗದ ಸಂದರ್ಭಗಳಿವೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಪ್ರಾಣಭಯದಲ್ಲಿರುವವನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ ಎಂಬುದು ಸಮಾಧಾನದ ಮಾತು. ತೂಗುವುದು ಮಾತ್ರ ತಪ್ಪುವುದಿಲ್ಲ. "ಎದುರ ಬಂದವಗ ಹೊಡದ್ರ ಕೋರ್ಟ್ ಕೇಳತೈತಿ, ಓಡಿ ಹೋಗಾವನ ಬೆನ್ನಿಗಿ ಹೊಡದ್ರ ಜೇಲೇ ನೋಡವಾ" ಎಂದು ಅವರು ಈಗ ಹೇಳಿದ್ದು ನಿಮಗೂ ಕೇಳಿಸಿತು. ಸೇವೆಗೆ ಸೇರಿದಂದಿನಿಂದ ಬ್ಯಾಂಕಿನ ಬಾಗಿಲಲ್ಲಿ ಒಂದು ಗುಂಡನ್ನೂ ಹಾರಿಸಿಲ್ಲ ಎಂಬುದು ಅವರ ಹೆಮ್ಮೆ.

ಹಾಗಾದರೆ ಪಿಸ್ತೂಲು ಕೊಂಡುಬಿಟ್ಟರೆ ನಾವು ಸುರಕ್ಷಿತರೇ? ಇಲ್ಲವೆಂದು ಈ ರಾಜ್ಯವೇ ಹೇಳುತ್ತದೆ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈಯ ಜುಹುವಿನಲ್ಲಿ ನಟ ಗೋವಿಂದ ಅವರ ಪರವಾನಗಿಯ ರಿವಾಲ್ವರಿನಿಂದಲೇ ಅಕಸ್ಮಾತ್ ಗುಂಡು ಹಾರಿ ಅವರ ಕಾಲಿಗೆ ತಗುಲಿತು. ಅದೇ ತಿಂಗಳ 12ರಂದು ಬಾಂದ್ರಾದಲ್ಲಿ ಮಾಜಿ ಸಚಿವ ಬಾಬಾ ಸಿದ್ದಿಕಿ ಪೊಲೀಸ್ ರಕ್ಷಣೆಯಿದ್ದರೂ ಗುಂಡಿಗೆ ಬಲಿಯಾದರು. ಇಲ್ಲಿಂದ ದೂರವಿಲ್ಲದ ಮುಳಶಿಯಲ್ಲಿ ಜಮೀನಿನ ತಗಾದೆಯೊಂದರಲ್ಲಿ ರೈತರ ಮುಂದೆ ಪಿಸ್ತೂಲು ಝಳಪಿಸಿದ ವೀಡಿಯೊ ಅದೇ ವರ್ಷದ ಜುಲೈನಲ್ಲಿ ಹೊರಬಿದ್ದಾಗ ದೇಶವೇ ನೋಡಿತು. ಆತ್ಮರಕ್ಷಣೆ ಎಂಬ ಹೆಸರಿನಲ್ಲಿ ಸಿಕ್ಕ ಆಯುಧ ಬೇಲಿಯ ಜಗಳಕ್ಕೆ ಹೊರಬಂದದ್ದು ಹೀಗೆ. ಕಾಕಾ ಅವರ ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು ಸುದ್ದಿ. 2024ರ ಫೆಬ್ರವರಿ 8ರಂದು ಮುಂಬೈಯ ದಹಿಸರದಲ್ಲಿ ಫೇಸ್‌ಬುಕ್ ನೇರಪ್ರಸಾರದ ನಡುವೆ ಮಾಜಿ ನಗರಸೇವಕರೊಬ್ಬರನ್ನು ಕೊಂದು, ಕೊಂದವನೂ ಗುಂಡಿಕ್ಕಿಕೊಂಡ ಪ್ರಕರಣದಲ್ಲಿ, ಪಿಸ್ತೂಲಿನ ಪರವಾನಗಿ ಇದ್ದುದು ಕೊಂದವನ ಅಂಗರಕ್ಷಕನ ಹೆಸರಿನಲ್ಲಿ. ಅಂಗರಕ್ಷಕನನ್ನು ಪೊಲೀಸರು ಬಂಧಿಸಿದರು. ಅಂದಿನಿಂದ ಶಾಖೆಯ ವ್ಯವಸ್ಥಾಪಕರು ಕಪಾಟು ಕೊಡುತ್ತೇವೆ, ಬಂದೂಕನ್ನು ಇಲ್ಲೇ ಇಟ್ಟು ಹೋಗಿ ಎಂದರೂ ಕಾಕಾ ಒಪ್ಪುವುದಿಲ್ಲ. ದಿನವೂ ಹೆಗಲಿಗೇರಿಸಿ ಮನೆಗೆ ತಂದು ಬೀಗ ಹಾಕುತ್ತಾರೆ.

ಕಾಕಾ ಹೊರಗೆ ಬಂದರು, ಕ್ಯಾಮೆರಾ ಮೇಲೆತ್ತುತ್ತೇನೆ. ಬಂದೂಕಿನ ಸಂಖ್ಯೆಯನ್ನು ಪುಸ್ತಕದೊಂದಿಗೆ ತಾಳೆ ನೋಡಿದ್ದಾಗಿದೆ, ಅರ್ಜಿಗೆ ರಸೀದಿ ಸಿಕ್ಕಿದೆ. ಇನ್ನು ಠಾಣೆಯಿಂದ ವಿಚಾರಣೆಗೆ ಮನೆಗೆ ಬರುತ್ತಾರಂತೆ, ಅದಾದ ಮೇಲೆ ಐದು ವರ್ಷದ ಮುದ್ರೆ. ಉದ್ದೇಶ ಎಂಬ ಕಲಮಿನಲ್ಲಿ ಈ ಸಲವೂ ಆತ್ಮರಕ್ಷಣೆ ಎಂದೇ ಬರೆದಿದ್ದಾರೆ. ನಾನು ಆ ಏಜೆನ್ಸಿಗೆ ಒಂದು ಪತ್ರ ಬರೆದಿಟ್ಟಿದ್ದೇನೆ, ಬಂದೂಕನ್ನು ನೀವೇ ಕೊಳ್ಳಿ, ಪರವಾನಗಿಯನ್ನು ನೀವೇ ಪಡೆಯಿರಿ, ಇವರನ್ನು ರಿಟೇನರ್ ಎಂದು ದಾಖಲಿಸಿರಿ ಎಂದು. ಕಾಕಾ ಅದನ್ನು ಓದಿ, ಮಡಚಿ ಜೇಬಿಗೆ ಹಾಕಿಕೊಂಡು, ಇರುವ ಕೆಲಸವೂ ಹೋಗುವುದು ಬೇಡ, ಕಳುಹಿಸಬೇಡ ಎಂದರು. ಕಳುಹಿಸುವುದೋ ಬಿಡುವುದೋ ಎಂದು ರಿಕ್ಷಾದಲ್ಲಿ ಇಬ್ಬರೂ ವಾದಿಸಿದ್ದು ಮುಂದಿನ ದೃಶ್ಯದಲ್ಲಿದೆ, ಆದರೆ ಗಾಳಿಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವಾದ್ದರಿಂದ ಅದನ್ನು ಕತ್ತರಿಸಿದ್ದೇನೆ.