ಎರಡನೇ ಹೆರಿಗೆಗೆ ಮನೆಯಿಂದ ಯಾವಾಗ ಹೊರಡಬೇಕು?

[ದೃಶ್ಯ: ರಾತ್ರಿ. ಜೀಪಿನ ಗಾಜಿನ ಮೇಲೆ ಮಳೆ, ವೈಪರ್ ಸದ್ದು. ಮಾತು ಮಾತ್ರ ಕೇಳಿಸುತ್ತದೆ.]

ಜುಲೈ ತಿಂಗಳು, ರಾತ್ರಿ ಎರಡೂವರೆ. ಕೊಟ್ಟಿಗೆಹಾರದಿಂದ ಒಳಗೆ ತೋಟದ ನಡುವೆ ನಮ್ಮ ಮನೆ. ಧೋ ಎಂದು ಮಳೆ ಸುರಿಯುತ್ತಿತ್ತು. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ನನಗೆ ಸೊಂಟದಲ್ಲಿ ನೋವು ಶುರುವಾಯಿತು. ನಮ್ಮ ಮನೆಯವರು ಎದ್ದು ಕೂತು, "ಹೊರಡೋಣವಾ?" ಎಂದು ಕೇಳಿದರು.

"ಈಗಲೇ ಯಾಕ್ರೀ? ದೊಡ್ಡವನು ಹುಟ್ಟೋಕೆ ಹತ್ತೊಂಬತ್ತು ಗಂಟೆ ಆಗಿತ್ತಲ್ವಾ? ಬೆಳಗಾಗಲಿ" ಎಂದೆ.

ಬೆಳಗಾಗುವ ಮೊದಲೇ ಮಗಳು ಹುಟ್ಟಿದಳು. ಮೂಡಿಗೆರೆಯಲ್ಲಿ ಆಸ್ಪತ್ರೆಯ ಮುಂದೆ ಜೀಪು ನಿಂತಾಗ 4:15. ಮಗು ಅತ್ತಿದ್ದು 4:25ಕ್ಕೆ. ದಾರಿಗೆ ಅಡ್ಡಲಾಗಿ ಒಂದೇ ಒಂದು ಮರ ಬಿದ್ದಿದ್ದರೂ ಅವಳು ಜೀಪಿನ ಸೀಟಿನಲ್ಲೇ ಹುಟ್ಟುತ್ತಿದ್ದಳು.

[ದೃಶ್ಯ: ಹಗಲು. ಮನೆಯ ಜಗಲಿ. ಕ್ಯಾಮೆರಾ ಮುಂದೆ.]

ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಎರಡು ಮಕ್ಕಳ ತಾಯಿ. ನನ್ನ ವಾರಗಿತ್ತಿಗೆ ಆಗಸ್ಟಿನಲ್ಲಿ ಎರಡನೇ ಹೆರಿಗೆ. ಮೊನ್ನೆ ಅವಳೂ ಅದೇ ಮಾತು ಹೇಳಿದಳು: "ಮೊದಲನೆಯದಕ್ಕೆ ಇಡೀ ದಿನ ಬೇಕಾಯ್ತಲ್ಲ ಅಕ್ಕ, ನೋವು ಜೋರಾಗಲಿ, ಆಮೇಲೆ ಹೋದರಾಯ್ತು." ನನಗೆ ಎದೆ ಝಲ್ ಎಂದಿತು. ಅದಕ್ಕೇ ಈ ವಿಡಿಯೋ. ಮೊದಲ ಹೆರಿಗೆಯ ಲೆಕ್ಕ ಹಿಡಿದು ಎರಡನೆಯದಕ್ಕೆ ಹೊರಡಬಾರದು. ಯಾಕೆ ಎಂದು ಹೇಳುತ್ತೇನೆ.

[ದೃಶ್ಯ: ಕೈಯಲ್ಲಿ ಎರಡು ಎಲೆ ಅಡಿಕೆ ಸಂಚಿ, ಒಂದು ಹಳೆಯದು, ಒಂದು ಹೊಸದು.]

ಇದು ನಮ್ಮ ಅಜ್ಜಿಯ ಎಲೆ ಅಡಿಕೆ ಸಂಚಿ. ಇದು ಮೊನ್ನೆ ಹೊಲಿಸಿದ ಹೊಸದು. ಎರಡಕ್ಕೂ ದಾರ ಎಳೆದು ಬಾಯಿ ಮುಚ್ಚಿದ್ದೇನೆ. ಹೊಸದರ ಬಟ್ಟೆ ಇನ್ನೂ ಗಟ್ಟಿ. ನೋಡಿ, ಮೊದಲು ನೆರಿಗೆಗಳನ್ನು ಒಂದೊಂದಾಗಿ ಬಿಡಿಸಬೇಕು. ಅದೆಲ್ಲ ಬಿಟ್ಟ ಮೇಲೆ ಬಾಯಿ ತೆರೆಯುತ್ತದೆ. ಹಳೆಯದಕ್ಕೆ ಎರಡು ಬೆರಳು ಹಾಕಿದರೆ ಸಾಕು. ನೆರಿಗೆ ಬಿಡುವುದು, ಬಾಯಿ ತೆರೆಯುವುದು ಎರಡೂ ಒಟ್ಟಿಗೇ ಆಗುತ್ತದೆ.

ಗರ್ಭಕೋಶದ ಬಾಯಿಯೂ ಹೀಗೇ. ಹೆರಿಗೆಗೆ ಮೊದಲು ಅದು ಮುಟ್ಟಿದರೆ ಮೂಗಿನ ತುದಿಯಷ್ಟು ಗಟ್ಟಿ. 3ರಿಂದ 4 ಸೆಂಟಿಮೀಟರ್ ಉದ್ದ. ದಿನ ಹತ್ತಿರ ಬಂದಂತೆ ತುಟಿಯ ಹಾಗೆ ಮೆತ್ತಗಾಗುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಅದು ಮೊದಲು ತೆಳುವಾಗಬೇಕು, ಆಮೇಲೆ ತೆರೆಯಬೇಕು. ಗಂಟೆಗಟ್ಟಲೆ ನೋವು ತಿಂದರೂ ನರ್ಸಮ್ಮ ಪರೀಕ್ಷೆ ಮಾಡಿ "ಇನ್ನೂ ಎರಡೇ ಬೆರಳು" ಎನ್ನುತ್ತಾರಲ್ಲ, ಅದು ಇದಕ್ಕೇ. ಆ ನೋವು ವ್ಯರ್ಥ ಅಲ್ಲ. ಬಾಯಿ ತೆಳುವಾಗುವ ಕೆಲಸ ಒಳಗೆ ನಡೆದಿರುತ್ತದೆ. ಎರಡನೇ ಸಲ ಈ ಎರಡು ಕೆಲಸ ಜೊತೆಜೊತೆಗೆ ಸಾಗುತ್ತವೆ. ಮಗು ಇಳಿದು ಬರುವ ದಾರಿಯ ಮಾಂಸಖಂಡಗಳೂ ಒಮ್ಮೆ ಹಿಗ್ಗಿದಂಥವು, ಮೊದಲಿನಷ್ಟು ತಡೆಯುವುದಿಲ್ಲ.

[ಪರದೆ ಮೇಲೆ: ಮೊದಲ ಹೆರಿಗೆ 8 ಗಂಟೆ, ನಂತರದ್ದು 5 ಗಂಟೆ]

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಲ್ಲಿ ಒಂದು ಲೆಕ್ಕ ಇದೆ. ನೋವು ಸರಿಯಾಗಿ ಹಿಡಿದ ಮೇಲೆ, ಅಂದರೆ ಬಾಯಿ ಸುಮಾರು 4 ಸೆಂಟಿಮೀಟರ್ ತೆರೆದ ಮೇಲೆ, ಮೊದಲ ಹೆರಿಗೆಗೆ ಸರಾಸರಿ 8 ಗಂಟೆ. 18 ಗಂಟೆ ದಾಟುವುದು ಅಪರೂಪ. ನಂತರದ ಹೆರಿಗೆಗಳಿಗೆ ಸರಾಸರಿ 5 ಗಂಟೆ, 12 ದಾಟುವುದು ಅಪರೂಪ. ನಾನು ಹೇಳಿದ ಹತ್ತೊಂಬತ್ತು ಗಂಟೆಯಲ್ಲಿ ಮೊದಲ ಸಣ್ಣ ನೋವಿನ ಹೊತ್ತೂ ಸೇರಿತ್ತು. ಅದು ಈ ಲೆಕ್ಕದಲ್ಲಿ ಬರುವುದಿಲ್ಲ.

8 ಇದ್ದದ್ದು 5 ಆಯಿತು, ಮೂರು ಗಂಟೆ ಉಳಿಯಿತು, ಅಷ್ಟೇ ತಾನೇ ಅನಿಸಬಹುದು. ಆದರೆ ಆ ಮೂರು ಗಂಟೆ ಎಲ್ಲಿ ಉಳಿಯುತ್ತದೆ ಎಂದು ಗಮನಿಸಿ. ಅಮೆರಿಕದಲ್ಲಿ 19 ಆಸ್ಪತ್ರೆಗಳ 62,415 ಹೆರಿಗೆಗಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2010ರಲ್ಲಿ ಬಂತು. ಬಾಯಿ 6 ಸೆಂಟಿಮೀಟರ್ ತೆರೆಯುವ ತನಕ ಚೊಚ್ಚಲು ಆದವರಿಗೂ ಎರಡನೆಯದು ಆದವರಿಗೂ ವೇಗ ಹೆಚ್ಚುಕಮ್ಮಿ ಒಂದೇ ಇತ್ತು. 6 ದಾಟಿದ ಮೇಲೆ ಮೊದಲೇ ಹೆತ್ತವರ ಹೆರಿಗೆ ತುಂಬಾ ಬೇಗ ಮುಂದೆ ಹೋಯಿತು.

ಇದನ್ನು ಓದಿದಾಗ ನನಗೆ ಆ ರಾತ್ರಿ ಪೂರ್ತಿ ಅರ್ಥವಾಯಿತು. ಮೊದಲ ಒಂದು ಗಂಟೆ ನೋವು ಥೇಟ್ ಮೊದಲ ಸಲದ ಹಾಗೇ ಇತ್ತು. ಬರುತ್ತಿತ್ತು, ಹೋಗುತ್ತಿತ್ತು. ನಾನು ಎದ್ದು ಕಾಫಿ ಕಾಸಿದೆ. ದೊಡ್ಡವನಿಗೆ ಹೊದಿಕೆ ಸರಿಮಾಡಿದೆ. "ಇನ್ನೂ ಟೈಮಿದೆ" ಎಂದು ನಂಬಿದ್ದೆ. ಆಮೇಲೆ ಇದ್ದಕ್ಕಿದ್ದಂತೆ ನೋವಿನ ನಡುವೆ ಉಸಿರಾಡಲೂ ಬಿಡುವಿಲ್ಲ. ಜೀಪು ಹತ್ತುವಾಗಲೇ ಕೆಳಗೆ ಒತ್ತುತ್ತಿತ್ತು. ನನ್ನದು ಮೂರು ಗಂಟೆಯೊಳಗೆ ಮುಗಿದ ಅತಿವೇಗದ ಹೆರಿಗೆ. ಎಲ್ಲರಿಗೂ ಹಾಗಾಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲವಲ್ಲ.

[ದೃಶ್ಯ: ಹಾಸನದ ರಸ್ತೆ, ಆಟೋಗಳು. ನಂತರ ಮಂಜು ಮುಸುಕಿದ ತೋಟದ ದಾರಿ.]

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಚೊಚ್ಚಲು ತವರಿನಲ್ಲಿ. ನನ್ನ ತವರು ಹಾಸನ. ಮನೆಯಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಎರಡನೆಯದರ ಹೊತ್ತಿಗೆ ದೊಡ್ಡವನಿಗೆ ಅಂಗನವಾಡಿ, ಅಮ್ಮನಿಗೆ ಮಂಡಿ ನೋವು. ಹಾಗಾಗಿ ಗಂಡನ ಮನೆಯಲ್ಲೇ ಉಳಿದೆ. ತುಂಬಾ ಮನೆಗಳಲ್ಲಿ ಹೀಗೇ ಆಗುತ್ತದೆ. ಅಂದರೆ ನಿಧಾನವಾಗಿ ಆಗುವ ಹೆರಿಗೆಗೆ ಆಸ್ಪತ್ರೆ ಪಕ್ಕದಲ್ಲಿತ್ತು. ಬೇಗ ಆಗುವ ಹೆರಿಗೆಗೆ ಕಳಸ, ಕೊಪ್ಪ, ಸಕಲೇಶಪುರದ ಆಚೆಯ ತೋಟಗಳಿಂದ ಮಳೆಗಾಲದ ದಾರಿಯಲ್ಲಿ ಬರಬೇಕು. ಇದನ್ನು ಮನೆಯವರು ಕೂತು ಮಾತಾಡುವುದೇ ಇಲ್ಲ. ಸೀಮಂತಕ್ಕೆ ಯಾವ ಸೀರೆ ಎಂದು ಮಾತಾಡುತ್ತೇವೆ. ರಾತ್ರಿ ಮರ ಬಿದ್ದರೆ ಯಾವ ದಾರಿ ಎಂದೂ ಮಾತಾಡಬೇಕು.

ತಡ ಮಾಡಲು ನನಗೆ ಇನ್ನೊಂದು ಕಾರಣವೂ ಇತ್ತು. ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಮೊದಲ ಸಲ ಒಂದು ಆಸ್ಪತ್ರೆಯಿಂದ ನನ್ನನ್ನು ಎರಡು ಸಲ ವಾಪಸ್ ಕಳಿಸಿದ್ದರು. "ಇಷ್ಟಕ್ಕೇ ಹೀಗೆ ಕಿರುಚಿದರೆ ಹೆರುವಾಗ ಏನು ಮಾಡುತ್ತೀಯಾ" ಎಂದು ಒಬ್ಬರು ಗದರಿದ್ದರು. ಆ ನಾಚಿಕೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಎರಡನೇ ಸಲ ಸುಮ್ನೆ ಹೋಗಿ ಬೈಸಿಕೊಳ್ಳುವುದು ಬೇಡ ಎಂದು ಹಲ್ಲು ಕಚ್ಚಿ ಕೂತೆ. ನಿಮಗೂ ಹಾಗಾಗಿದ್ದರೆ ಒಂದು ಮಾತು ಕೇಳಿ. ಬೇಗ ಹೋಗಿ ವಾಪಸ್ ಬಂದರೆ ಜೀಪಿನ ಬಾಡಿಗೆ ಹೋಗುತ್ತದೆ, ಅಷ್ಟೇ. ಹತ್ತು ಸಲ ವಾಪಸ್ ಬಂದರೂ ಹನ್ನೊಂದನೇ ಸಲ ಹೋಗಿ.

[ಕ್ಯಾಮೆರಾ ಮುಂದೆ.]

ಹಾಗಾದರೆ ಯಾವಾಗ ಹೊರಡಬೇಕು?

ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಹೇಳುವುದು ಹೀಗೆ: 5 ನಿಮಿಷಕ್ಕೊಮ್ಮೆ ನೋವು ಬರಬೇಕು, ಒಂದೊಂದೂ 1 ನಿಮಿಷದಷ್ಟು ಇರಬೇಕು, 1 ಗಂಟೆ ಹೀಗೇ ನಡೆಯಬೇಕು. ಎರಡನೆಯದಕ್ಕೆ, ಅದೂ ಆಸ್ಪತ್ರೆ ದೂರ ಇದ್ದರೆ, ಅಷ್ಟು ಕಾಯಬೇಡಿ. ನೋವು ಒಂದು ಲೆಕ್ಕಕ್ಕೆ ಸರಿಯಾಗಿ ಬರಲು ಶುರುವಾಯಿತು, ಮಲಗಿದರೂ ಓಡಾಡಿದರೂ ಕಡಿಮೆಯಾಗುತ್ತಿಲ್ಲ ಎಂದರೆ ಹೊರಡಿ. ಸುಳ್ಳು ನೋವು ಎರಡನೇ ಸಲ ಜಾಸ್ತಿ ಗೊತ್ತಾಗುತ್ತದೆ, ನಿಜ. ಅದು ಒಂದು ಲೆಕ್ಕಕ್ಕೆ ಬರುವುದಿಲ್ಲ. ಸ್ವಲ್ಪ ಓಡಾಡಿದರೆ, ನೀರು ಕುಡಿದು ಮಲಗಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅನುಮಾನ ಇದ್ದರೆ ಹೋಗಿ ತೋರಿಸಿ.

ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ ನೋವಿಗೆ ಕಾಯುವ ಮಾತೇ ಇಲ್ಲ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೂ ಅಷ್ಟೇ, ಅದು ಬಿ.ಪಿ. ಇರಬಹುದು.

ನಮ್ಮ ಅತ್ತೆ ಆ ವಾರ ದಿನಾ ನನ್ನ ಹೊಟ್ಟೆ ನೋಡಿ, "ಇನ್ನೂ ಇಳಿದಿಲ್ಲ, ಹದಿನೈದು ದಿನ ಇದೆ" ಎನ್ನುತ್ತಿದ್ದರು. ಅವರ ಅನುಭವ ಸುಳ್ಳಲ್ಲ. ಚೊಚ್ಚಲಿನಲ್ಲಿ ಮಗುವಿನ ತಲೆ ಕೆಲವು ವಾರ ಮೊದಲೇ ಕೆಳಗೆ ಇಳಿದು ಕೂರುವುದು ಸಾಮಾನ್ಯ. ಆದರೆ ಎರಡನೆಯದರಲ್ಲಿ ಎಷ್ಟೋ ಸಲ ನೋವು ಶುರುವಾದ ಮೇಲೇ ಇಳಿಯುತ್ತದೆ. ಹೊಟ್ಟೆ ಇಳಿದಿಲ್ಲ ಎಂದು ಧೈರ್ಯವಾಗಿ ಇರುವ ಹಾಗಿಲ್ಲ.

[ದೃಶ್ಯ: ನಿಂತಿರುವ ಜೀಪು, ಹಿಂದಿನ ಸೀಟಿನಲ್ಲಿ ಮಡಚಿಟ್ಟ ಟವೆಲ್‌ಗಳು.]

ದಾರಿಯಲ್ಲೇ ಮಗು ಬಂದುಬಿಟ್ಟರೆ? ಈ ಭಾಗವನ್ನು ದಯವಿಟ್ಟು ಗಂಡಸರೂ ನೋಡಿ. ಗಾಡಿ ನಿಲ್ಲಿಸಿ. 108ಕ್ಕೆ ಫೋನ್ ಮಾಡಿ, ಏನು ಮಾಡಬೇಕು ಎಂದು ಅವರನ್ನು ಕೇಳಿ. ಮಗುವನ್ನು ಎಳೆಯಬೇಡಿ. ಅದು ತಾನಾಗಿ ಬರುತ್ತದೆ, ಕೈ ಕೊಟ್ಟು ಹಿಡಿದರೆ ಸಾಕು, ತುಂಬಾ ಜಾರುತ್ತದೆ. ಒಣ ಬಟ್ಟೆಯಲ್ಲಿ ಮೈ, ತಲೆ ಚೆನ್ನಾಗಿ ಒರೆಸಿ. ಒದ್ದೆ ಬಟ್ಟೆ ತೆಗೆದು ಹಾಕಿ. ಅಮ್ಮನ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ ಇಬ್ಬರಿಗೂ ಹೊದಿಸಿ. ನಮ್ಮ ಚಳಿಯಲ್ಲಿ ಇದೇ ದೊಡ್ಡ ಔಷಧಿ. ಹೊಕ್ಕುಳಬಳ್ಳಿ ಕತ್ತರಿಸಬೇಡಿ. ಬ್ಲೇಡು, ದಾರ ಏನೂ ಬೇಡ. ಕಸ, ಅಂದರೆ ಮಾಸು, ಬಿದ್ದರೆ ಅದನ್ನೂ ಒಂದು ಕವರಿನಲ್ಲಿ ಹಾಕಿ ಮಗುವಿನ ಜೊತೆಗೇ ಇಟ್ಟುಕೊಂಡು ಆಸ್ಪತ್ರೆಗೆ ಹೋಗಿ.

[ಕ್ಯಾಮೆರಾ ಮುಂದೆ.]

ಮೊದಲನೆಯದು ಆಪರೇಷನ್ ಆಗಿದ್ದವರಿಗೆ ಲೆಕ್ಕ ಬೇರೆ. ನೋವು ಬರುವ ಮೊದಲೇ ಸಿಸೇರಿಯನ್ ಆಗಿದ್ದರೆ ಗರ್ಭಕೋಶದ ಬಾಯಿ ಒಮ್ಮೆಯೂ ತೆರೆದಿರುವುದಿಲ್ಲ. ಆಗ ಎರಡನೆಯದು ಚೊಚ್ಚಲಿನಷ್ಟೇ ನಿಧಾನ ಆಗಬಹುದು. ಒಮ್ಮೆ ಆಪರೇಷನ್ ಆದರೆ ಮುಂದೆಯೂ ಆಪರೇಷನ್ನೇ ಎಂಬುದು ನಿಜ ಅಲ್ಲ. ನಾರ್ಮಲ್ ಹೆರಿಗೆಗೆ ಪ್ರಯತ್ನ ಮಾಡಬಹುದು ಎಂದು ಡಾಕ್ಟರ್ ಹೇಳಿದವರಲ್ಲಿ 100ಕ್ಕೆ 72ರಿಂದ 75 ಮಂದಿಗೆ ನಾರ್ಮಲ್ ಆಗುತ್ತದೆ. ಆದರೆ ಸುಮಾರು 200ರಲ್ಲಿ ಒಬ್ಬರಿಗೆ ಹಳೆಯ ಹೊಲಿಗೆ ಬಿಟ್ಟು ಗರ್ಭಕೋಶ ಹರಿಯುವ ಅಪಾಯ ಇದೆ. ಹಾಗಾಗಿ ಆಪರೇಷನ್ ಥಿಯೇಟರ್, ರಕ್ತ ಎರಡೂ ಸಿಗುವ ಕಡೆಯೇ ಹೆರಿಗೆ ಆಗಬೇಕು. ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿಯನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಎರಡನೇ ಬಸುರಿನಲ್ಲಿ ಶುರುವಿನಲ್ಲೇ ಡಾಕ್ಟರಿಗೆ ಹೇಳಿ. ಮೊದಲ ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ನಿಮಗೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿರಬೇಕು. ಅದು ತಪ್ಪಿಹೋಗಿದ್ದರೆ ತೊಂದರೆ ಬರುವುದು ಮೊದಲ ಮಗುವಿಗಲ್ಲ, ಎರಡನೆಯದಕ್ಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗೆ ಉಚಿತ ತಪಾಸಣೆ ಇದೆ. "ಎರಡನೆಯದಲ್ವಾ, ಎಲ್ಲ ಗೊತ್ತು" ಎಂದು ಅದನ್ನು ಬಿಡಬೇಡಿ.

ನೋವು ಕಡಿಮೆ ಇರುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಹೊತ್ತು ಕಡಿಮೆ, ನೋವು ಕಡಿಮೆ ಅಲ್ಲ. ಹತ್ತೊಂಬತ್ತು ಗಂಟೆಯಲ್ಲಿ ಹಂಚಿ ಬಂದದ್ದು ಎರಡು ಗಂಟೆಯಲ್ಲಿ ಒಟ್ಟಿಗೆ ಬಂತು. ಆದರೆ ಮುಕ್ಕುವುದು, ಅಂದರೆ ಮಗುವನ್ನು ಹೊರಗೆ ತಳ್ಳುವುದು, ಮಾತ್ರ ಸಲೀಸಾಯಿತು. ಮೊದಲ ಸಲ ಒಂದೂವರೆ ಗಂಟೆ ಮುಕ್ಕಿದ್ದೆ, ಹೊಲಿಗೆಯೂ ಬಿದ್ದಿತ್ತು. ಎರಡನೇ ಸಲ ನಾಲ್ಕೈದು ಸಲ ಮುಕ್ಕಿದೆ ಅಷ್ಟೇ, ಒಂದೂ ಹೊಲಿಗೆ ಇಲ್ಲ. ಸಾಮಾನ್ಯವಾಗಿ ಎರಡನೇ ಸಲ ದೊಡ್ಡದಾಗಿ ಹರಿಯುವುದು ಕಡಿಮೆಯೇ.

ಆಮೇಲಿನ ನೋವಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಮಗುವಿಗೆ ಎದೆ ಕೊಟ್ಟ ತಕ್ಷಣ ಕಿಬ್ಬೊಟ್ಟೆ ಹಿಂಡಿದ ಹಾಗಾಯಿತು. ಇನ್ನೊಂದು ಮಗು ಇದೆಯಾ ಎನ್ನುವಷ್ಟು! ಹಾಲು ಕುಡಿಸುವಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಹುಟ್ಟುತ್ತದೆ, ಅದು ಗರ್ಭಕೋಶವನ್ನು ಮತ್ತೆ ಕುಗ್ಗಿಸುತ್ತದೆ. ಮೊದಲ ಸಲ ಗರ್ಭಕೋಶ ಬಿಗಿಯಾಗಿ ಕುಗ್ಗಿ ಹಾಗೇ ನಿಲ್ಲುತ್ತದೆ. ಎರಡನೇ ಸಲ ಸಡಿಲವಾಗಿ, ಮತ್ತೆ ಬಿಗಿಯಾಗಿ, ಹೀಗೆ ಕೆಲಸ ಮಾಡುವುದರಿಂದ ನೋವು ಜಾಸ್ತಿ. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಮಾತ್ರೆ ಕೇಳಿ ತೆಗೆದುಕೊಳ್ಳಿ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ ಮಾತ್ರ ತಕ್ಷಣ ಕರೆಯಬೇಕು.

ಬಾಣಂತನದ ವಿಷಯದಲ್ಲಿ ನನಗೆ ನಿಜವಾಗಿ ನೋವಿದೆ. ಮೊದಲನೆಯದಕ್ಕೆ ಮೂರು ತಿಂಗಳು ಎಣ್ಣೆ ನೀರು, ಮೆಣಸಿನ ಸಾರು. ಎರಡನೆಯದಕ್ಕೆ ಹದಿನೈದು ದಿನಕ್ಕೇ ಒಲೆ ಮುಂದೆ. ಹೆರಿಗೆ ಬೇಗ ಆಯಿತು ಎಂದು ದೇಹ ಬೇಗ ಸುಧಾರಿಸುವುದಿಲ್ಲ. ಮೇಲೆ ಒಂದು ದೊಡ್ಡ ಮಗು ಮಡಿಲಿಗೆ ಹತ್ತಲು ಕಾಯುತ್ತಿರುತ್ತದೆ. ಅತ್ತೆಯವರೇ, ಅಮ್ಮಂದಿರೇ, ಎರಡನೇ ಬಾಣಂತಿಗೂ ಅಷ್ಟೇ ದಿನ ಕೊಡಿ.

[ದೃಶ್ಯ: ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದ ಚೀಟಿ. ನಂಬರ್‌ಗಳು ಕಾಣದಂತೆ.]

ವಾರಗಿತ್ತಿಯ ಮನೆಯಲ್ಲಿ ನಿನ್ನೆ ಅಂಟಿಸಿದ ಚೀಟಿ ಇದು. 108. ಆಶಾ ಕಾರ್ಯಕರ್ತೆ. ರಾತ್ರಿ ಕರೆದರೂ ಬರುವ ಜೀಪಿನವರು, ಅವರು ಸಿಗದಿದ್ದರೆ ಇನ್ನೊಬ್ಬರು. ಮಗನನ್ನು ಯಾರ ಮನೆಯಲ್ಲಿ ಬಿಡುವುದು. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಒಣ ಟವೆಲ್ ಯಾವ ಚೀಲದಲ್ಲಿದೆ. ಸುಮ್ನೆ ಬರೆದದ್ದಲ್ಲ, ಎಲ್ಲರಿಗೂ ಫೋನ್ ಮಾಡಿ ಕೇಳಿ ಬರೆದದ್ದು. ಜುಲೈ ಕೊನೆಯ ವಾರ ಅವಳು ಮೂಡಿಗೆರೆಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುತ್ತಾಳೆ. ಅಲ್ಲಿಂದ ಆಸ್ಪತ್ರೆಗೆ ಐದು ನಿಮಿಷ.